ಒಬ್ಬರಿಗಷ್ಟೇ ಹೋಳಿಗೆ ಊಟ: ಬೇಳೆ ಎಷ್ಟು ಹಾಕಬೇಕು?

ಪ್ರಶ್ನೆ: ಧಾರವಾಡದ ಸಪ್ತಾಪುರದಾಗ ರೂಮ್ ಮಾಡಿಕೊಂಡು ಪರೀಕ್ಷಾಕ್ಕ ಓದಾಕತ್ತೇನ್ರಿ. ಈ ಸಲ ಯುಗಾದಿಗೆ ಊರಿಗೆ ಹೋಗಾಕ ಆಗಂಗಿಲ್ಲ. ಒಂದು ಒಲಿ, ಒಂದು ಸಣ್ಣ ಕುಕ್ಕರ್, ಒಂದು ಹಂಚು ಅದಾವು. ಅವ್ವ ಫೋನಿನ್ಯಾಗ ಹೇಳೋ ಅಳತಿ ಎಲ್ಲಾ ಒಂದು ಕೆಜಿ ಬ್ಯಾಳಿದು. ನನಗೊಬ್ಬಾಕಿಗೆ ಹೋಳಿಗಿ, ಕಟ್ಟಿನ ಸಾರು ಮಾಡೋದು ಹ್ಯಾಂಗ್ರಿ?

ಉತ್ತರ: 75 ಗ್ರಾಂ ಕಡಲೆಬೇಳೆ ಹಾಕಿ. 15 ಮಿ.ಲೀ. ಹಿಡಿಯುವ ದೊಡ್ಡ ಚಮಚದಲ್ಲಿ ತಲೆ ಸವರಿ ಅಳೆದರೆ ಆರು ಚಮಚ. ಅದರಲ್ಲಿ ನಾಲ್ಕು ಹೋಳಿಗೆ, ಎರಡು ಹೊತ್ತಿನ ಸಾರು ಆಗುತ್ತವೆ. ನನಗೆ ಎರಡೇ ಹೋಳಿಗೆ ಸಾಕು ಅಂತ ಬೇಳೆಯನ್ನು ಇನ್ನೂ ಇಳಿಸಬೇಡಿ. ಅದಕ್ಕಿಂತ ಕಡಿಮೆಯಾದರೆ ಕುಕ್ಕರಿನಲ್ಲಿ ಬೇಳೆ ತಳ ಹಿಡಿಯುತ್ತದೆ, ಮಿಕ್ಸರಿನ ಬ್ಲೇಡಿಗೆ ಹೂರಣ ಸಿಗುವುದಿಲ್ಲ, ಸಾರಿಗೆ ಕಟ್ಟು (ಬೆಂದ ಬೇಳೆ ಬಸಿದ ನೀರು) ಉಳಿಯುವುದಿಲ್ಲ.

ಅವ್ವ ಹೇಳಿದ ಅಳತೆಯನ್ನು ಹದಿಮೂರರಿಂದ ಭಾಗಿಸಿದರೂ ಕೆಲಸ ಆಗುವುದಿಲ್ಲ. ಬೇಳೆ, ಬೆಲ್ಲ, ಹಿಟ್ಟು ಭಾಗಿಸಿದಂತೆ ಇಳಿಯುತ್ತವೆ; ನೀರು, ಒಗ್ಗರಣೆ ಎಣ್ಣೆ, ಉರಿ, ಹೊತ್ತು ಇಳಿಯುವುದಿಲ್ಲ. ಸ್ವಲ್ಪೇ ಸಾರನ್ನು ಅಗಲ ಬೋಗಣಿಯಲ್ಲಿ ಕುದಿಸಿದರೆ ಐದು ನಿಮಿಷದಲ್ಲಿ ಕಾಲುಭಾಗ ಆವಿಯಾಗಿ ಹೋಗಿ ಉಪ್ಪು, ಹುಳಿ ಎರಡೂ ತಲೆಗೇರುತ್ತವೆ. ಒಬ್ಬರ ಅಡುಗೆ ಕೆಡುವುದು ಹೆಚ್ಚಾಗಿ ಇಲ್ಲೇ. ಸಣ್ಣ, ದಪ್ಪ ತಳದ, ಆಳದ ಪಾತ್ರೆ ಇದ್ದರೆ ಅರ್ಧ ಚಿಂತೆ ತೀರಿತು.

ಬೇಳೆ ಮತ್ತು ಕಟ್ಟು

ಬೇಳೆಯನ್ನು ತೊಳೆದು ಒಂದು ತಾಸು ನೆನೆಯಿಡಿ. ಆ ನೀರು ಚೆಲ್ಲಿ, ಎರಡು ಇಲ್ಲವೇ ಮೂರು ಲೀಟರಿನ ಕುಕ್ಕರಿಗೆ ಬೇಳೆ, 450 ಮಿ.ಲೀ. ನೀರು, ಚಿಟಿಕೆ ಅರಿಷಿಣ, ಅರ್ಧ ಚಹಾ ಚಮಚ ಎಣ್ಣೆ ಹಾಕಿ. ಕಡಲೆಬೇಳೆ ನೊರೆ ಎಬ್ಬಿಸುವುದು ಹೆಚ್ಚು. ಆ ನೊರೆ ಸೀಟಿಯ ದಾರಿ ಕಟ್ಟದಿರಲಿ ಅಂತ ಎಣ್ಣೆ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿರಲೂಬಾರದು. ಮಧ್ಯಮ ಉರಿಯಲ್ಲಿ ಮೂರು ಸೀಟಿ ಸಾಕು. ಒತ್ತಡ ತಾನಾಗಿ ಇಳಿಯುವವರೆಗೆ ಮುಚ್ಚಳ ಮುಟ್ಟಬೇಡಿ. ಐದು ಲೀಟರಿನ ಕುಕ್ಕರ್ ಅಷ್ಟೇ ಇದ್ದರೆ ಬೇಳೆ ಮತ್ತು ಅದರ ನೀರನ್ನು ಸ್ಟೀಲ್ ಡಬ್ಬಿಗೆ ಹಾಕಿ, ಕುಕ್ಕರಿನ ತಳಕ್ಕೆ ಬೇರೆ ಎರಡು ಲೋಟ ನೀರು ಹಾಕಿ ಒಳಗೆ ಕೂಡ್ರಿಸಿ, ಎರಡು ಸೀಟಿ ಹೆಚ್ಚು ಕೂಗಿಸಿ.

ಒಂದು ಕಾಳು ಬೆರಳಲ್ಲಿ ಒತ್ತಿ ನೋಡಿ. ಪೂರ್ತಿ ಚಪ್ಪಟೆಯಾಗಬೇಕು, ನಡುವೆ ಬಿಳಿ ಚುಕ್ಕಿ ಕಾಣಬಾರದು, ಆದರೆ ಬೋಗಣಿಯಲ್ಲಿ ಕಾಳು ಕಾಳಾಗಿಯೇ ಇರಬೇಕು. ಕರಗಿ ಗಂಜಿಯಾದರೆ ಕಟ್ಟು ಗಟ್ಟಿಯಾಗುತ್ತದೆ, ಹೂರಣ ಎಷ್ಟು ಕುದಿಸಿದರೂ ಅಂಟುತ್ತದೆ. ಬೇಯದೇ ಉಳಿದರೆ ಬೆಲ್ಲ ಹಾಕಿದ ಮೇಲೆ ಮೆತ್ತಗಾದೀತು ಅಂತ ಕಾಯಬೇಡಿ. ಬೆಲ್ಲ ಬಿದ್ದ ಮೇಲೆ ಬೇಳೆ ಮುಂದೆ ಬೇಯುವುದು ಕಷ್ಟ. ಬೋರ್‌ವೆಲ್ಲಿನ ಗಡಸು ನೀರಿನಲ್ಲೂ ಇದೇ ತಾಪತ್ರಯ. ಅದರಲ್ಲಿರುವ ಸುಣ್ಣದ ಅಂಶ ಬೇಳೆಯ ತಿರುಳನ್ನು ಬಿಗಿ ಹಿಡಿಯುತ್ತದೆ. ನಳಕ್ಕೆ ಮಲಪ್ರಭಾ ನೀರು ಬಂದ ದಿನ ಎರಡು ಲೀಟರ್ ಎತ್ತಿಟ್ಟುಕೊಳ್ಳಿ, ಇಲ್ಲವೇ ಕುಡಿಯುವ ಫಿಲ್ಟರ್ ನೀರು ಬಳಸಿ. ಸೋಡಾ ಹಾಕಿದರೆ ಬೇಳೆ ಬೇಗ ಬೇಯುತ್ತದೆ ನಿಜ, ಆದರೆ ಆ ಕಟ್ಟಿನ ಸಾರಿಗೆ ಸಾಬೂನಿನ ವಾಸನೆ ಬರುತ್ತದೆ.

ಬೆಂದ ಬೇಳೆಯನ್ನು ಜರಡಿಗೆ ಸುರಿದು ಹತ್ತು ನಿಮಿಷ ಬಸಿಯಲು ಬಿಡಿ. ಕೆಳಗೆ ಸುಮಾರು 300 ಮಿ.ಲೀ. ಕಟ್ಟು ಸಿಗುತ್ತದೆ. ಎರಡು ದೊಡ್ಡ ಚಮಚ ಬೇಳೆಯನ್ನು ಸಾರಿಗೆಂದು ತೆಗೆದಿಡಿ.

ಹೂರಣ

ಬೆಲ್ಲ 60 ಗ್ರಾಂ. ಬೇಳೆಗೆ ಸಮ ತೂಕದ ಬೆಲ್ಲ ಹಾಕುವುದು ರೂಢಿ, ಆದರೆ ಇಲ್ಲಿ ಬೇಳೆಯ ಒಂದು ಪಾಲು ಸಾರಿಗೆ ಹೋಗಿದೆ. ಮಹಾಲಿಂಗಪುರದ ಕಡೆಯಿಂದ ಬರುವ ಪೆಂಟಿ ಬೆಲ್ಲವಾದರೆ ಕೆರೆದು ಹಾಕಿ. ಕಸ, ಮರಳು ಇದೆ ಅನ್ನಿಸಿದರೆ ಒಂದು ದೊಡ್ಡ ಚಮಚ ನೀರಿನಲ್ಲಿ ಕರಗಿಸಿ ಸೋಸಿ. ಅದಕ್ಕಿಂತ ಹೆಚ್ಚು ನೀರು ಬೇಡ, ಹಾಕಿದ್ದನ್ನೆಲ್ಲ ಮತ್ತೆ ಆರಿಸುತ್ತ ಕೂಡಬೇಕಾಗುತ್ತದೆ.

ಬೇಳೆ, ಬೆಲ್ಲ ಎರಡನ್ನೂ ಸಣ್ಣ ಬೋಗಣಿಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಮೊದಲು ನೀರಾಗುತ್ತದೆ, ಹೆದರಬೇಡಿ. ಆರರಿಂದ ಎಂಟು ನಿಮಿಷಕ್ಕೆ ಬದಿ ಬಿಡುತ್ತ ಬರುತ್ತದೆ. ಒಂದು ಕೆಜಿ ಹೂರಣಕ್ಕೆ ಇಲ್ಲಿಂದ ಐದು ನಿಮಿಷ ಸಮಯವಿರುತ್ತದೆ, ಇಷ್ಟೇ ಇಷ್ಟಕ್ಕೆ ಒಂದೇ ನಿಮಿಷ. ಆ ಹೊತ್ತಿನಲ್ಲಿ ಫೋನ್ ಎತ್ತಬೇಡಿ. ನಡುವೆ ನಿಲ್ಲಿಸಿದ ಚಮಚ ಬೀಳದೆ ನಿಂತರೆ ಇಳಿಸಿ. ಒಂದು ಏಲಕ್ಕಿಯ ಪುಡಿ, ಚೂರು ಜಾಜಿಕಾಯಿ ತೇಯ್ದು ಸೇರಿಸಿ.

ಬಿಸಿ ಇರುವಾಗಲೇ ಅರೆಯಬೇಕು. ಮಿಕ್ಸರಿನ ಚಟ್ನಿ ಜಾರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಪ್ರತಿ ಸಲ ಗೋಡೆಗೆ ಮೆತ್ತಿದ್ದನ್ನು ಕೆಳಗೆ ತಳ್ಳಿ. ದೊಡ್ಡ ಜಾರಿನಲ್ಲಿ ಬ್ಲೇಡು ಬರೀ ಗಾಳಿಯಲ್ಲಿ ತಿರುಗುತ್ತದೆ. ಮಿಕ್ಸರ್ ಇಲ್ಲದವರು ಸ್ಟೀಲ್ ಜರಡಿಯ ಮೇಲೆ ಹಾಕಿ ಸೌಟಿನ ಬೆನ್ನಿನಿಂದ ಒತ್ತಿ ಇಳಿಸಬಹುದು. ಹತ್ತು ನಿಮಿಷದ ಕೆಲಸ, ನಾಲ್ಕು ಹೋಳಿಗೆಗೆ ಇದೇ ಒಳ್ಳೆಯದು. ಒಂದೇ ಒಂದು ಇಡೀ ಬೇಳೆ ಉಳಿದರೂ ಲಟ್ಟಿಸುವಾಗ ಹೋಳಿಗೆ ಅಲ್ಲೇ ಹರಿಯುತ್ತದೆ.

ಹೂರಣ ಸಡಿಲಾಗಿದ್ದರೆ ಮತ್ತೆ ಒಲೆಗೆ ಇಡಿ. ತೀರಾ ಆತುರವಿದ್ದರೆ ಒಂದು ಚಮಚ ಪುಟಾಣಿ (ಹುರಿಗಡಲೆ) ಹಿಟ್ಟು ಕಲಸಿ. ಆರಿದ ಮೇಲೆ ಕಲ್ಲಾಗಿ, ಉಂಡೆ ಕಟ್ಟಿದರೆ ಬಿರಿಯುತ್ತಿದ್ದರೆ ಒಂದು ಚಹಾ ಚಮಚ ಹಾಲು ಹಾಕಿ ಬೆಚ್ಚಗೆ ಮಾಡಿ ನಾದಿ.

ಕಣಕ

ಇದನ್ನು ಬೇಳೆ ನೆನೆಹಾಕಿದ ಕೂಡಲೇ ಕಲಸಿಡಬೇಕು. 40 ಗ್ರಾಂ ಗೋಧಿ ಹಿಟ್ಟನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸಾಣಿಸಿ ತವುಡು ತೆಗೆಯಿರಿ, ಅದಕ್ಕೆ 20 ಗ್ರಾಂ ಮೈದಾ, ಚಿಟಿಕೆ ಉಪ್ಪು, ಒಂದು ಚಹಾ ಚಮಚ ಎಣ್ಣೆ. ನೀರು ಸುಮಾರು 40 ಮಿ.ಲೀ. ಹಿಡಿಯುತ್ತದೆ, ಆದರೆ ಲೋಟದಿಂದ ಸುರಿಯಬೇಡಿ. 60 ಗ್ರಾಂ ಹಿಟ್ಟಿಗೆ ಒಂದು ಚಮಚ ನೀರು ಹೆಚ್ಚಾದರೆ ರಾಡಿ. ಕೊನೆಯ ಎರಡು ಚಮಚವನ್ನು ಬೆರಳಲ್ಲಿ ಚಿಮುಕಿಸುತ್ತ, ಚಪಾತಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ತುಸು ಅಂಟುವಂತೆ ನಾದಿ. ಮೇಲೊಂದು ಚಮಚ ಎಣ್ಣೆ ಸುರಿದು ಮುಚ್ಚಿ ಒಂದೂವರೆ ತಾಸು ಬಿಡಿ. ಯುಗಾದಿಯ ಬಿಸಿಲಿಗೆ ಇಷ್ಟು ಸಣ್ಣ ಮುದ್ದೆ ಹತ್ತೇ ನಿಮಿಷದಲ್ಲಿ ಮೇಲೆ ಒಣಗಿ ಸಿಪ್ಪೆ ಕಟ್ಟುತ್ತದೆ, ಆದ್ದರಿಂದ ಎಣ್ಣೆಯಲ್ಲಿ ಜಿಪುಣತನ ಬೇಡ. ನೆನೆಯದ ಕಣಕ ಎಳೆದರೆ ಹಿಂದಕ್ಕೆ ಸರಿಯುತ್ತದೆ. ನೆನೆದದ್ದು ಹರಿಯದೆ ತೆಳ್ಳಗೆ ಬರುತ್ತದೆ.

ಹೋಳಿಗೆ ಹರಿಯುವುದಕ್ಕೆ ನೂರು ಕಾರಣ ಹೇಳುತ್ತಾರೆ, ಮುಖ್ಯ ಒಂದೇ: ಹೂರಣ ಮತ್ತು ಕಣಕ ಎರಡರ ಮೆತ್ತು ಒಂದೇ ಆಗಿರಬೇಕು. ಬಲಗೈಯಲ್ಲಿ ಒಂದು, ಎಡಗೈಯಲ್ಲಿ ಒಂದು ಹಿಡಿದು ಒತ್ತಿದರೆ ತಿಳಿಯುತ್ತದೆ. ಹೂರಣ ಪೂರ್ತಿ ತಣ್ಣಗಾಗಿರಬೇಕು. ಹೂರಣದ ಉಂಡೆ 40 ಗ್ರಾಂ, ಅಂದರೆ ದೊಡ್ಡ ನಿಂಬೆಹಣ್ಣಿನಷ್ಟು. ಕಣಕ 25 ಗ್ರಾಂ. ನಾಲ್ಕೂ ತುಂಬಿ ಮುಚ್ಚಿಟ್ಟ ಮೇಲೆಯೇ ಹಂಚು ಇಡಿ. ಒಬ್ಬರೇ ಲಟ್ಟಿಸುತ್ತ, ಬೇಯಿಸುತ್ತ, ತುಂಬುತ್ತ ನಿಂತರೆ ಹಂಚಿನ ಮೇಲಿನದು ಕರಕಲಾಗುತ್ತದೆ. ಮಣೆಗೆ ಅಕ್ಕಿ ಹಿಟ್ಟು ಉದುರಿಸಿ ಲಟ್ಟಣಿಗೆಯನ್ನು ನಡುವಿನಿಂದ ಅಂಚಿಗೆ, ಭಾರ ಹಾಕದೆ ಓಡಿಸಿ. ಲಟ್ಟಣಿಗೆ ಇಲ್ಲದಿದ್ದರೆ ಎಣ್ಣೆ ಹಚ್ಚಿದ ಬಾಳೆಎಲೆಯ ಮೇಲೆ ಬೆರಳಿನಿಂದ ತಟ್ಟಿ, ಎಲೆಯೊಂದಿಗೇ ಹಂಚಿಗೆ ಬೋರಲು ಹಾಕಿ, ಎರಡು ಕ್ಷಣ ಬಿಟ್ಟು ಎಲೆ ಸುಲಿಯಿರಿ. ಹಾಲಿನ ಪಾಕೀಟಿನ ಪ್ಲಾಸ್ಟಿಕ್ಕಿನ ಮೇಲೆ ತಟ್ಟಿದರೆ ಕೈಗೆ ಎತ್ತಿಕೊಂಡೇ ಹಾಕಿ, ಬಿಸಿ ಹಂಚಿಗೆ ಪ್ಲಾಸ್ಟಿಕ್ ತಾಗಿಸುವುದು ಬೇಡ. ಮಧ್ಯಮ ಉರಿಯಲ್ಲಿ ಒಂದು ಬದಿಗೆ ಒಂದರಿಂದ ಒಂದೂವರೆ ನಿಮಿಷ. ಬೆಂದವನ್ನು ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಬಿಸಿ ಇರುವಾಗ ಒಂದರ ಮೇಲೊಂದು ಪೇರಿಸಿದರೆ ಬೆವರಿ ಅಂಟುತ್ತವೆ.

ಸಾರು

300 ಮಿ.ಲೀ. ಕಟ್ಟಿಗೆ 100 ಮಿ.ಲೀ. ನೀರು. ಮಸಾಲೆಗೆ ಎರಡು ಬ್ಯಾಡಗಿ ಮೆಣಸಿನಕಾಯಿ, ಅರ್ಧ ಚಹಾ ಚಮಚ ಕೊತ್ತಂಬರಿ ಬೀಜ, ಕಾಲು ಚಮಚ ಜೀರಿಗೆ, ನಾಲ್ಕು ಕರಿಮೆಣಸು, ಒಂದು ಲವಂಗ, ಚೂರು ಚಕ್ಕೆ, ಒಂದು ದೊಡ್ಡ ಚಮಚ ಒಣಕೊಬ್ಬರಿ. ಹುರಿದು, ತೆಗೆದಿಟ್ಟ ಬೇಳೆಯ ಜೊತೆ ನುಣ್ಣಗೆ ಅರೆಯಿರಿ. ಬೇಳೆ ಸೇರಿದರೆ ಇಷ್ಟು ಚೂರು ಮಸಾಲೆಯೂ ಬ್ಲೇಡಿಗೆ ಸಿಗುತ್ತದೆ. ಬ್ಯಾಡಗಿಯದು ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ಕಾಯಿ ಅಷ್ಟೇ ಇದ್ದರೆ ಒಂದೇ ಹಾಕಿ. ಇದೆಲ್ಲ ಬೇಡವೆಂದರೆ ಊರಿಂದ ತಂದ ಮಸಾಲಿ ಖಾರ ಒಂದು ಚಹಾ ಚಮಚ ಸಾಕು, ಯಾರೂ ತಪ್ಪೆನ್ನುವುದಿಲ್ಲ.

ಗೋಲಿಯಷ್ಟು ಹುಣಸೆಹಣ್ಣಿನ ರಸ, ಒಂದು ದೊಡ್ಡ ಚಮಚ ಹೂರಣ (ಚಮಚ, ಬೋಗಣಿಗೆ ಮೆತ್ತಿಕೊಂಡದ್ದೇ ಸಾಕಾಗುತ್ತದೆ) ಹಾಕಿ ಏಳೆಂಟು ನಿಮಿಷ ಕುದಿಸಿ. ಹಬ್ಬದ ದಿನ ಎಡೆ ಹಿಡಿಯುವ ಮೊದಲು ರುಚಿ ನೋಡುವ ಹಾಗಿಲ್ಲ, ಆದ್ದರಿಂದ ಉಪ್ಪನ್ನು ಅಳೆದೇ ಹಾಕಬೇಕು: 400 ಮಿ.ಲೀ. ಸಾರಿಗೆ 4 ಗ್ರಾಂ, ಅಂದರೆ ಮುಕ್ಕಾಲು ಚಹಾ ಚಮಚ, ಅದೂ ಕುದಿ ಮುಗಿದ ಮೇಲೆ. ಒಗ್ಗರಣೆಗೆ ಎರಡು ಚಹಾ ಚಮಚ ಎಣ್ಣೆ, ಸಾಸಿವೆ, ಜೀರಿಗೆ, ಇಂಗು, ಕರಿಬೇವು. ಒಗ್ಗರಣೆ ಸೌಟಿನಲ್ಲೇ ಮಾಡಿ. ಅಗಲ ಬಾಣಲೆಯಲ್ಲಿ ಇಷ್ಟು ಎಣ್ಣೆ ತೆಳ್ಳಗೆ ಹರಡಿ ಸಾಸಿವೆ ಸಿಡಿಯುವ ಮೊದಲೇ ಹೊತ್ತುತ್ತದೆ.

ಉಳಿದದ್ದು

ಎಣ್ಣೆಗಾಯಿಗೆ ನಾಲ್ಕು ಎಳೆ ಮುಳಗಾಯಿ (ಬದನೆಕಾಯಿ). ಎರಡು ದೊಡ್ಡ ಚಮಚ ಹುರಿದ ಶೇಂಗಾ ಪುಡಿ, ಒಂದು ಚಹಾ ಚಮಚ ಗುರೆಳ್ಳು (ಹುಚ್ಚೆಳ್ಳು) ಪುಡಿ, ಅಷ್ಟೇ ಮಸಾಲಿ ಖಾರ, ಚೂರು ಬೆಲ್ಲ, ಹುಣಸೆ ರಸ, ಉಪ್ಪು ಕಲಸಿ ತುಂಬಿ, ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ನಡುವೆ ಅರ್ಧ ಲೋಟ ನೀರು. ಕೋಸಂಬರಿಗೆ ಎರಡು ಚಮಚ ಹೆಸರುಬೇಳೆ ಮುಕ್ಕಾಲು ತಾಸು ನೆನೆಸಿ, ಅರ್ಧ ಸೌತೆಕಾಯಿ ಹೆಚ್ಚಿ, ಉಪ್ಪನ್ನು ತಾಟಿಗೆ ಬಡಿಸುವಾಗ ಹಾಕಿ. ಅನ್ನಕ್ಕೆ 70 ಗ್ರಾಂ ಅಕ್ಕಿ, 175 ಮಿ.ಲೀ. ನೀರು, ಮುಚ್ಚಿದ ಬೋಗಣಿ, ಹನ್ನೆರಡು ನಿಮಿಷ. ಹಪ್ಪಳ, ಸಂಡಿಗೆ ಕೊಂಡು ತನ್ನಿ. ಭಜಿ ಬೇಡವೇ ಬೇಡ: ನಾಲ್ಕು ಭಜಿಗೆ ಕಾಲು ಲೀಟರ್ ಎಣ್ಣೆ ಕಾಯಿಸಿ ಆಮೇಲೆ ಅದನ್ನೇನು ಮಾಡುತ್ತೀರಿ?

ಯುಗಾದಿಗೆ ಕುಡಿಯುವ ಬೇವಿಗೆ ಒಂದು ಲೋಟದ ಅಳತೆ: 150 ಮಿ.ಲೀ. ತಣ್ಣೀರು, ಒಂದೂವರೆ ದೊಡ್ಡ ಚಮಚ ಬೆಲ್ಲ, ಒಂದು ಚಮಚ ಪುಟಾಣಿ ಹಿಟ್ಟು, ಒಂದು ಚಮಚ ತುರಿದ ಮಾವಿನಕಾಯಿ, ಚೂರು ಹುಣಸೆ ರಸ, ನಾಲ್ಕು ದ್ರಾಕ್ಷಿ, ಹೆಚ್ಚಿದ ಒಂದು ಉತ್ತತ್ತಿ (ಒಣ ಖರ್ಜೂರ), ಮೇಲೆ ಚಿಟಿಕೆ ಬೇವಿನ ಹೂ. ಹಿಟ್ಟನ್ನು ಮೊದಲು ಎರಡು ಚಮಚ ನೀರಲ್ಲಿ ಕದಡಿಕೊಳ್ಳಿ, ಇಲ್ಲದಿದ್ದರೆ ಗಂಟು ಕಟ್ಟುತ್ತದೆ.

ಒಂದೇ ಒಲೆ ಇರುವುದರಿಂದ ಸರದಿ ಹೀಗಿರಲಿ: ಎದ್ದ ಕೂಡಲೇ ಬೇಳೆ ನೆನೆಹಾಕಿ ಕಣಕ ಕಲಸುವುದು, ಆಮೇಲೆ ಕುಕ್ಕರ್, ಹೂರಣ, ಸಾರು, ಎಣ್ಣೆಗಾಯಿ, ಅನ್ನ. ಹಂಚು ಎಲ್ಲಕ್ಕಿಂತ ಕೊನೆಗೆ. ಹೂರಣಕ್ಕೆ ಆರಲು ಬೇಕಾದ ಹೊತ್ತು ತಾನಾಗಿ ಸಿಗುತ್ತದೆ. ಒಟ್ಟು ಮೂರು ತಾಸು ಹಿಡಿದುಕೊಳ್ಳಿ.

ಸಾಮಾನು ತರುವಾಗ ಕಿರಾಣಿ ಅಂಗಡಿಯಲ್ಲಿ ಬಿಡಿ ಬೇಳೆ ಕೇಳಿ, ಪಾಕೀಟು ಬೇಡ. ಬೆಲ್ಲವನ್ನು ಮಾತ್ರ ಪಾವು (ಕಾಲು) ಕೆಜಿಯೇ ತನ್ನಿ; ಬೇವಿಗೆ, ಸಾರಿಗೆ, ಎಣ್ಣೆಗಾಯಿಗೆ ಎಲ್ಲಕ್ಕೂ ಬೇಕು.

ಉಳಿದ ಎರಡು ಹೋಳಿಗೆ ಫ್ರಿಜ್ ಇಲ್ಲದ ರೂಮಿನಲ್ಲಿ ಮರುದಿನ ಸಂಜೆಯವರೆಗೆ ತಾಳುತ್ತವೆ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿದ್ದರೆ. ತಿನ್ನುವಾಗ ಹಂಚಿನ ಮೇಲೆ ತುಪ್ಪ ಹಾಕಿ ಬಿಸಿ ಮಾಡಿ, ಇಲ್ಲವೇ ಬಿಸಿ ಹಾಲಿನಲ್ಲಿ ಮುರಿದು ಹಾಕಿಕೊಳ್ಳಿ. ಸಾರನ್ನು ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಪೂರ್ತಿ ಕುದಿ ಬರಿಸಿ. ಮರುದಿನ ಅದರ ರುಚಿ ಏರುತ್ತದೆ. ಕುದಿಸುವಾಗ ಗಟ್ಟಿಯಾದರೆ ಬಿಸಿನೀರು ಸೇರಿಸಿ, ಉಪ್ಪು ಮತ್ತೆ ಹಾಕಬೇಡಿ.