ಪುಕ್ಕಟೆ ಆಡಿದ್ದರೂ ನಷ್ಟವೇ

2025ರಲ್ಲಿ ಗಣೇಶನ ಹಬ್ಬ ಬುಧವಾರ ಬಂತು, ನಾವು ಶನಿವಾರ ಮಾಡಿದೆವು. ನ್ಯೂಜೆರ್ಸಿಯಲ್ಲಿ ಗಣಪತಿಯೂ ವೀಕೆಂಡಿಗೆ ಹೊಂದಿಕೊಂಡಿದ್ದಾನೆ. ಪುಳಿಯೋಗರೆ, ಕೋಸಂಬರಿ ಹಾಕಿಸಿಕೊಂಡು ಒಂದು ಮೂಲೆಯಲ್ಲಿ ಕೂತಿದ್ದೆ. ಹಳೆಯ ಕ್ಲೈಂಟ್ ಒಬ್ಬರು ಪಕ್ಕಕ್ಕೆ ಬಂದು ಕೂತರು. ಒಂದು ರೆಸ್ಟೊರೆಂಟು, ಒಂದು ದಿನಸಿ ಅಂಗಡಿ ಇಟ್ಟುಕೊಂಡಿರುವವರು. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ, ಲೆಕ್ಕಪತ್ರ ನೋಡುವ ನನ್ನ ವೃತ್ತಿಯಲ್ಲಿ ಅದು ಕಡ್ಡಾಯ.) ನನ್ನ ಮಗಳು ಹಬ್ಬಕ್ಕೂ ಬಿಡದೆ ನ್ಯೂಯಾರ್ಕಿನ ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡ ಲಿಬರ್ಟಿಯ ಟಿ-ಶರ್ಟ್ ತೊಟ್ಟು ಬಂದಿದ್ದಳು. ಅದನ್ನು ನೋಡಿದ್ದೇ ಅವರಿಗೆ ಮಾತು ಸಿಕ್ಕಿತು.

"ಅಲ್ಲಕ್ಕಾ, ಆ ಹುಡುಗೀರ ಲೀಗು ವರ್ಷಕ್ಕೆ ನಲವತ್ತು ಮಿಲಿಯನ್ ಲಾಸಂತೆ. ಲಾಸಲ್ಲಿರೋ ಅಂಗಡಿಯಲ್ಲಿ ನಿಂತ್ಕೊಂಡು ಸಂಬಳ ಜಾಸ್ತಿ ಮಾಡಿ ಅಂದ್ರೆ ಯಜಮಾನ ಎಲ್ಲಿಂದ ತರ್ತಾನೆ? ಮೊದ್ಲು ಲಾಭ ಮಾಡ್ಲಿ, ಆಮೇಲೆ ಕೇಳ್ಲಿ."

ಇವರ ರೆಸ್ಟೊರೆಂಟಿನ ತೆರಿಗೆ ರಿಟರ್ನ್ ತುಂಬುವವಳು ನಾನು. ಅದು ಆರು ವರ್ಷದಿಂದ ನಷ್ಟದಲ್ಲಿದೆ. ಆ ಆರು ವರ್ಷವೂ ಅಡುಗೆಯವನಿಗೆ ವಾರ ತಪ್ಪದೆ ಸಂಬಳ ಹೋಗಿದೆ, ಎರಡು ಸಲ ಏರಿಯೂ ಇದೆ. ಬಾಯಿಗೆ ಬಂದದ್ದನ್ನು ಪುಳಿಯೋಗರೆ ಜೊತೆ ನುಂಗಿಕೊಂಡೆ. ಆದರೆ ಈ ಮಾತನ್ನು 2025ರ ಬೇಸಿಗೆಯಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೆಂದರೆ, ಒಮ್ಮೆ ಕೂತು ಬರೆದುಬಿಡುವುದೇ ವಾಸಿ ಅನ್ನಿಸಿತು.

2025ರ ಜುಲೈ 19ರಂದು ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಆಲ್-ಸ್ಟಾರ್ ಪಂದ್ಯಕ್ಕೆ ಮುಂಚೆ ಡಬ್ಲ್ಯುಎನ್‌ಬಿಎ ಎಂಬ ಅಮೆರಿಕದ ಆ ಹೆಂಗಸರ ಲೀಗಿನ ಆಟಗಾರ್ತಿಯರೆಲ್ಲ ಒಂದೇ ಥರದ ಕಪ್ಪು ಟಿ-ಶರ್ಟ್ ಹಾಕಿಕೊಂಡು ಬಂದದ್ದು ನೀವು ನೋಡಿರುತ್ತೀರಿ. 'ನಮಗೆ ಬರಬೇಕಾದ ಬಾಕಿ ಕೊಡಿ' ಅನ್ನುವ ಅರ್ಥದ ಬರಹ ಅದರ ಮೇಲಿತ್ತು. ಲೆಕ್ಕದವಳಾದ ನನ್ನ ಕಣ್ಣು ಹೋದದ್ದು 'ಬಾಕಿ' ಅನ್ನುವುದರ ಮೇಲೆ. ಬಾಕಿ ಅಂದರೆ ಸಾಲ, ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆಯ ಕಡೆ ಕೂರುವಂಥದ್ದು. ದಾನವಲ್ಲ, ಬಹುಮಾನವೂ ಅಲ್ಲ. ಲೀಗಿನ ಜೊತೆ ಅವರಿಗಿದ್ದ ಸಂಬಳದ ಒಪ್ಪಂದ 2025ರ ಅಕ್ಟೋಬರ್ 31ಕ್ಕೆ ಮುಗಿಯುವುದಿತ್ತು. ಜಗಳ ಅದರ ಮುಂದಿನದ್ದಕ್ಕಾಗಿತ್ತು.

ಮೊದಲು ಆ ನಲವತ್ತು ಮಿಲಿಯನ್. 2024ರಲ್ಲಿ ಲೀಗಿಗೆ ಸುಮಾರು 40 ಮಿಲಿಯನ್ ಡಾಲರ್ ನಷ್ಟವಾಗಲಿದೆ ಎಂದು ಪತ್ರಿಕೆಗಳು ಬರೆದವು. ಲೀಗು ಶೇರುಪೇಟೆಯಲ್ಲಿರುವ ಕಂಪನಿಯಲ್ಲ, ಲೆಕ್ಕಪತ್ರ ಹೊರಗೆ ಬರುವುದಿಲ್ಲ. ಆದ್ದರಿಂದ ಆ ಅಂಕಿಗೆ ನಾನು ಸಹಿ ಹಾಕುವವಳಲ್ಲ. ಆದರೂ ವಾದಕ್ಕೆ ಒಪ್ಪಿಕೊಳ್ಳೋಣ. ಅದೇ ವರ್ಷ 12 ತಂಡಗಳಿದ್ದವು. ಒಂದು ತಂಡ ತನ್ನ ಎಲ್ಲ ಆಟಗಾರ್ತಿಯರಿಗೂ ಸೇರಿಸಿ ಕೊಡಬಹುದಾಗಿದ್ದ ಸಂಬಳದ ಮಿತಿ 14,63,200 ಡಾಲರ್. ಹನ್ನೆರಡರಿಂದ ಗುಣಿಸಿ: ಸುಮಾರು 17.5 ಮಿಲಿಯನ್. ಇಡೀ ಲೀಗಿನ ಇಡೀ ವರ್ಷದ ಸಂಬಳ ಹೆಚ್ಚುಕಡಿಮೆ ಅಷ್ಟೆ.

ಅಂದರೆ ಅಷ್ಟೂ ಜನ ಪುಕ್ಕಟೆ ಆಡಿದ್ದರೂ, ಊಟ ಕಟ್ಟಿಕೊಂಡು ಬಂದು ಆಡಿದ್ದರೂ, 20 ಮಿಲಿಯನ್‌ಗೂ ಹೆಚ್ಚು ನಷ್ಟ ಉಳಿಯುತ್ತಿತ್ತು.

ಇನ್ನೊಂದು ಖರ್ಚು ಪಕ್ಕದಲ್ಲಿಟ್ಟು ನೋಡಿ. ಅದೇ ವರ್ಷ ತಂಡಗಳಿಗೆಲ್ಲ ಚಾರ್ಟರ್ ವಿಮಾನ, ಅಂದರೆ ತಂಡಕ್ಕೆಂದೇ ಗೊತ್ತುಮಾಡಿದ ವಿಮಾನ, ಶುರುವಾಯಿತು. ಎರಡು ವರ್ಷಕ್ಕೆ 50 ಮಿಲಿಯನ್ ಎಂದು ಲೀಗಿನವರೇ ಹೇಳಿದ್ದರು. ವರ್ಷಕ್ಕೆ 25. ಆಡುವವರ ಒಟ್ಟು ಸಂಬಳಕ್ಕಿಂತ ಅವರನ್ನು ಊರಿಂದೂರಿಗೆ ಸಾಗಿಸುವ ಖರ್ಚೇ ಹೆಚ್ಚು! ವಿಮಾನ ತಪ್ಪು ಅನ್ನುತ್ತಿಲ್ಲ. ಆರಡಿ ಐದಂಗುಲದ ಹೆಂಗಸು ಇಕಾನಮಿ ಸೀಟಿನಲ್ಲಿ ಮಡಚಿಕೊಂಡು ಕೂತು, ಇಳಿದು, ಮಾರನೆಯ ದಿನ ಆಡಬೇಕಾದ ಪಾಡು ಸಾಮಾನ್ಯದ್ದಲ್ಲ. ಆದರೆ ನಷ್ಟಕ್ಕೆ ಕಾರಣ ಸಂಬಳ ಎಂದು ಬೆರಳು ತೋರಿಸುವವರು ಈ ಎರಡು ಸಾಲನ್ನಾದರೂ ಓದಿರಬೇಕು.

ಈಗ ನನ್ನ ಮುಖ್ಯ ಮಾತು. ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ. ಸಂಬಳವನ್ನು ಲಾಭದಿಂದ ಕೊಡುವುದಿಲ್ಲ. ಸಂಬಳ ಕೊಟ್ಟ ಮೇಲೆ ಉಳಿದದ್ದಕ್ಕೆ ಲಾಭ ಅನ್ನುತ್ತಾರೆ. ನಿಮ್ಮ ಪಿ ಅಂಡ್ ಎಲ್ (ಲಾಭ-ನಷ್ಟದ ಪಟ್ಟಿ) ತೆಗೆದು ನೋಡಿ. ಮೇಲೆ ಆದಾಯ, ಕೆಳಗೆ ಅಕ್ಕಿ, ಎಣ್ಣೆ, ಕರೆಂಟು, ಬಾಡಿಗೆ, ಸಂಬಳ. ಅವೆಲ್ಲ ಕಳೆದ ಮೇಲೆ ಕಟ್ಟಕಡೆಯ ಸಾಲು ಲಾಭ. ಎಣ್ಣೆ ತಂದುಕೊಡುವವನಿಗೆ "ಈ ವರ್ಷ ಲಾಭ ಬರಲಿಲ್ಲಪ್ಪ, ಡಬ್ಬಕ್ಕೆ ಅರ್ಧ ರೇಟು ತಗೋ" ಅಂತ ಯಾರಾದರೂ ಅಂದದ್ದುಂಟೆ? ಅಂದರೆ ಅವನು ಡಬ್ಬ ವಾಪಸು ಎತ್ತಿಕೊಂಡು ಹೋಗುತ್ತಾನೆ. ಆಟಗಾರ್ತಿಯೂ ಹಾಗೇ ಎತ್ತಿಕೊಂಡು ಹೋಗುತ್ತಾಳೆ, ಹೋಗಿಯೂ ಇದ್ದಾರೆ. 2015ರಲ್ಲಿ ಇದೇ ಲೀಗಿನ ಆಟಗಾರ್ತಿ ಡಯಾನಾ ಟೌರಾಸಿಗೆ ರಷ್ಯಾದ ಎಕಟೆರಿನ್‌ಬರ್ಗ್ ತಂಡದವರು, ಬೇಸಿಗೆಯಲ್ಲಿ ಅಮೆರಿಕದಲ್ಲಿ ಆಡದೆ ದಣಿವಾರಿಸಿಕೋ ಎಂದು ದುಡ್ಡು ಕೊಟ್ಟರು. ಆಕೆ ಆ ಸೀಸನ್ ಪೂರ್ತಿ ಆಡಲಿಲ್ಲ. ಇನ್ನೊಬ್ಬ ಆಟಗಾರ್ತಿ ಬ್ರಿಟ್ನಿ ಗ್ರೈನರ್ 2022ರಲ್ಲಿ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದದ್ದು ಪ್ರವಾಸಕ್ಕೆ ಹೋಗಿದ್ದಾಗಲ್ಲ, ಅದೇ ತಂಡಕ್ಕೆ ಆಡಲು ಹೊರಟಿದ್ದಾಗ.

ಮಾರುಕಟ್ಟೆಯಲ್ಲಿ ಒಂದು ಕೆಲಸಕ್ಕೆ ಒಂದು ಬೆಲೆ ಇರುತ್ತದೆ. ಯಜಮಾನನ ಕೊನೆಯ ಸಾಲಿನಲ್ಲಿ ಏನಿದೆ ಎಂದು ಆ ಬೆಲೆ ಕೇಳುವುದಿಲ್ಲ. ಹಾಗಂತ ಯಜಮಾನ ಎಷ್ಟಾದರೂ ಕೊಡಬಲ್ಲ ಎಂದೂ ಅಲ್ಲ. ಕೊಡಲಾಗದಿದ್ದರೆ ಬಾಗಿಲು ಮುಚ್ಚುತ್ತಾನೆ. ಇದೇ ಲೀಗಿನಲ್ಲಿ ಮೊದಲ ನಾಲ್ಕು ವರ್ಷ ಸತತವಾಗಿ ಕಪ್ ಗೆದ್ದ ಹ್ಯೂಸ್ಟನ್ ಕಾಮೆಟ್ಸ್ 2008ರಲ್ಲಿ ಮುಚ್ಚಿಹೋಯಿತು. ಆ ಭಯ ಸುಳ್ಳಲ್ಲ.

ಇನ್ನು ನಷ್ಟ ಅನ್ನುವುದು ಹೇಗೆ ಹುಟ್ಟುತ್ತದೆ ಎಂಬುದು. ಇದು ನನ್ನ ಅಡುಗೆಮನೆ, ಒಳಗೆ ಬನ್ನಿ. ನನ್ನ ಹಬ್ಬದ ಕ್ಲೈಂಟ್ ರೆಸ್ಟೊರೆಂಟಿಗೆ ತಿಂಗಳಿಗೆ ಒಂದಿಷ್ಟು ಸಾವಿರ ಬಾಡಿಗೆ ಕಟ್ಟುತ್ತಾರೆ. ಯಾರಿಗೆ? ಕಟ್ಟಡದ ಮಾಲೀಕನಿಗೆ. ಕಟ್ಟಡ ಯಾರದು? ಇನ್ನೊಂದು ಎಲ್‌ಎಲ್‌ಸಿ ಕಂಪನಿಯದು. ಅದು ಯಾರದು? ಅವರು ಮತ್ತು ಅವರ ಹೆಂಡತಿಯದು. ಬಲಗಿಸೆಯಿಂದ ಎಡಗಿಸೆಗೆ. ಬಾಡಿಗೆ ಪೇಟೆ ದರದಲ್ಲಿರುವವರೆಗೆ ಪೂರಾ ಕಾನೂನುಬದ್ಧ, ಸಲಹೆ ಕೊಟ್ಟವಳೇ ನಾನು. ಆದರೆ ರೆಸ್ಟೊರೆಂಟಿನ ಹಾಳೆ ಒಂದನ್ನೇ ನೋಡಿದವರು 'ಅಯ್ಯೋ ಪಾಪ' ಅನ್ನುತ್ತಾರೆ.

ತಂಡ ಕೊಂಡವರಿಗೆ ಇನ್ನೂ ಒಂದು ಸವಲತ್ತಿದೆ. 2004ರ ತೆರಿಗೆ ಕಾನೂನಿನ ಪ್ರಕಾರ ಕ್ರೀಡಾ ತಂಡವೊಂದನ್ನು ಕೊಂಡ ಬೆಲೆಯನ್ನು 15 ವರ್ಷಕ್ಕೆ ಹಂಚಿ ಖರ್ಚು ಬರೆಯಬಹುದು. 250 ಮಿಲಿಯನ್ನಿಗೆ ಕೊಂಡರೆ ವರ್ಷಕ್ಕೆ ಹದಿನಾರೂವರೆ ಮಿಲಿಯನ್ನಿಗೂ ಮಿಗಿಲು. ಆ ವರ್ಷ ಕೈಯಿಂದ ಒಂದು ಡಾಲರೂ ಆಚೆ ಹೋಗಿರುವುದಿಲ್ಲ. ಆ 40 ಮಿಲಿಯನ್ನಿನೊಳಗೆ ಇಂಥದ್ದು ಸೇರಿದೆ ಎಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. 'ನಷ್ಟ' ಅಂದ ಕೂಡಲೆ 'ಯಾವ ನಷ್ಟ, ಯಾರಿಗೆ ತೋರಿಸಿದ್ದು' ಎಂದು ಕೇಳುವ ಚಾಳಿ ಬೆಳೆಸಿಕೊಳ್ಳಿ ಅಂತ ಹೇಳುತ್ತಿದ್ದೇನೆ. ನನ್ನ ಕ್ಲೈಂಟುಗಳಲ್ಲಿ ಅರ್ಧ ಜನ ಮಾರ್ಚ್‌ನಲ್ಲಿ "ಅಕ್ಕಾ, ಸ್ವಲ್ಪ ಲಾಸ್ ಬರೋ ಹಾಗೆ ನೋಡಿ" ಅನ್ನುತ್ತಾರೆ. ಅವರೇ ಜೂನ್‌ನಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕಿ, "ಬ್ಯಾಂಕಿನೋರು ಲಾಭ ಕೇಳ್ತಿದಾರೆ, ಒಂದು ಲೆಟರ್ ಕೊಡಿ" ಎಂದು ಬರುತ್ತಾರೆ. ಕೊಡುವುದಿಲ್ಲ. ಬೈಸಿಕೊಂಡು, ಕಾಫಿ ಕುಡಿದು ಹೋಗುತ್ತಾರೆ.

ಡಬ್ಲ್ಯುಎನ್‌ಬಿಎ ಮನೆಯಲ್ಲೂ ಕಿಸೆಗಳು ಹಲವು. 2022ರಲ್ಲಿ 75 ಮಿಲಿಯನ್ ಬಂಡವಾಳ ಎತ್ತಿದ ಮೇಲೆ ಲೀಗಿನ ಒಡೆತನ ಹೀಗಾಯಿತು: ಗಂಡಸರ ಎನ್‌ಬಿಎಗೆ ಶೇ. 42, ಮಹಿಳಾ ತಂಡಗಳ ಒಡೆಯರಿಗೆ ಶೇ. 42, ಹೊರಗಿನ ಹೂಡಿಕೆದಾರರಿಗೆ ಶೇ. 16. ಟಿವಿ ಹಕ್ಕನ್ನು ಮಾರಿದ್ದೂ ಎನ್‌ಬಿಎಯೇ, ಎರಡೂ ಲೀಗಿನದ್ದನ್ನು ಒಟ್ಟಿಗೆ. ಡಿಸ್ನಿ, ಅಮೆಜಾನ್, ಎನ್‌ಬಿಸಿ ಕೊಡುವ 11 ವರ್ಷದ ಹಣದಲ್ಲಿ ಗಂಡಸರಿಗೆ 70 ಬಿಲಿಯನ್‌ಗೂ ಹೆಚ್ಚು, ಹೆಂಗಸರಿಗೆ 2.2 ಬಿಲಿಯನ್. ಈ 2.2 ಸರಿಯಾದ ಬೆಲೆಯೋ, ಮನೆಯೊಳಗೇ ಕೂತು ಹಂಚಿಕೊಂಡದ್ದೋ ಎಂದು ಆಟಗಾರ್ತಿಯರ ಸಂಘ ಅವತ್ತೇ ಪ್ರಶ್ನೆ ಎತ್ತಿತು. ಒಂದೇ ಮನೆಯ ಎರಡು ಕಂಪನಿ ವ್ಯವಹಾರ ಮಾಡಿದರೆ ಯಾವ ಆಡಿಟರನೂ ಕೇಳುವ ಪ್ರಶ್ನೆಯೇ ಅದು. ಕಡಿಮೆಯೆಂದೇ ಇಟ್ಟುಕೊಳ್ಳಿ, ಆದರೂ 2026ರಿಂದ ವರ್ಷಕ್ಕೆ 200 ಮಿಲಿಯನ್ ಬರುತ್ತದೆ. 2025ರಲ್ಲಿ 13 ತಂಡಗಳ ಒಟ್ಟು ಸಂಬಳದ ಮಿತಿ 20 ಮಿಲಿಯನ್ ಮುಟ್ಟಲಿಲ್ಲ.

ಇಲ್ಲಿ ಯಾರಾದರೂ ಎದ್ದು "ಹಾಗಾದರೆ ಎನ್‌ಬಿಎಯ ಸ್ಟೆಫ್ ಕರಿಗೆ ಕೊಟ್ಟಷ್ಟು ಇವರಿಗೂ ಬೇಕಾ?" ಅನ್ನುತ್ತಾರೆ. ಹಾಗೆ ಅವರ ಸಂಘ ಕೇಳಿಲ್ಲ. ಆಟಗಾರ್ತಿ ಕೆಲ್ಸಿ ಪ್ಲಮ್ 2022ರಲ್ಲೇ ಬಿಡಿಸಿ ಹೇಳಿದ್ದಳು, ಎನ್‌ಬಿಎಯ ಲೆಬ್ರಾನ್‌ನಷ್ಟು ಸಂಬಳ ಬೇಡ, ಆದಾಯದಲ್ಲಿ ಅವರಿಗೆ ಸಿಗುವಂಥ ಪಾಲು ಬೇಕು ಎಂದು. ಎನ್‌ಬಿಎ ಆಟಗಾರರಿಗೆ ಬ್ಯಾಸ್ಕೆಟ್‌ಬಾಲ್ ಆದಾಯದ ಅರ್ಧದಷ್ಟು ಹೋಗುತ್ತದೆ. ಮೊತ್ತ ಬೇರೆ, ಪಾಲು ಬೇರೆ. ಹೊಲವನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟ ಮನೆಯವರಿಗೆ ಇದನ್ನು ವಿವರಿಸಬೇಕಾಗಿ ಬಂದದ್ದೇ ಸೋಜಿಗ. ಹತ್ತು ಮೂಟೆ ಬೆಳೆದರೆ ಐದು, ನೂರು ಬೆಳೆದರೆ ಐವತ್ತು. ಪಕ್ಕದ ಹೊಲದವನಿಗೆ ಐವತ್ತು ಬಂತೆಂದು ನನಗೂ ಐವತ್ತು ಕೊಡಿ ಎನ್ನುವುದಲ್ಲ.

ಪಾಲು ಕೇಳಲು ಲಾಭ ಬರಲೇಬೇಕು ಎಂಬುದಕ್ಕೆ ಎನ್‌ಬಿಎಯ ಚರಿತ್ರೆಯೇ ಉತ್ತರ. 1980ರ ಫೈನಲ್‌ನ ಆರನೆಯ ಪಂದ್ಯವನ್ನು ಟಿವಿಯವರು ದೇಶದ ಬಹುಭಾಗದಲ್ಲಿ ಲೈವ್ ತೋರಿಸಲಿಲ್ಲ, ತಡರಾತ್ರಿ ರೆಕಾರ್ಡ್ ಹಾಕಿದರು. ಆಗ ಅರ್ಧಕ್ಕಿಂತ ಹೆಚ್ಚು ತಂಡಗಳು ನಷ್ಟದಲ್ಲಿದ್ದವು. ಆ ಸ್ಥಿತಿಯಲ್ಲೇ 1983ರಲ್ಲಿ ಒಪ್ಪಂದವಾಯಿತು: ಸಂಬಳಕ್ಕೆ ಮಿತಿ ಇರಲಿ, ಬದಲಿಗೆ ಒಟ್ಟು ಆದಾಯದ ಶೇ. 53 ಆಟಗಾರರಿಗೆ. ಲಾಭದ್ದಲ್ಲ, ಆದಾಯದ್ದು. ಆ ಲೀಗಿಗೆ ಆಗ 37 ವರ್ಷ. ಡಬ್ಲ್ಯುಎನ್‌ಬಿಎ ಮೊದಲ ಪಂದ್ಯ ಆಡಿ 2025ಕ್ಕೆ 28.

ನಾನು ಈ ಆಟಕ್ಕೆ ಅಂಟಿಕೊಂಡದ್ದು ಮಗಳಿಂದ. 2018ರಲ್ಲಿ ಅವಳಿಗೆ ಏಳು ವರ್ಷ. ಲಿಬರ್ಟಿ ಪಂದ್ಯ ನೋಡಬೇಕೆಂದು ಹಟ ಹಿಡಿದಳು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಡುತ್ತಿದ್ದ ತಂಡವನ್ನು ಆಗಿನ ಒಡೆಯರು ಮಾರಾಟಕ್ಕಿಟ್ಟು, ವೈಟ್ ಪ್ಲೇನ್ಸ್‌ನ ಸುಮಾರು ಐದು ಸಾವಿರ ಸೀಟಿನ ಹಳೇ ಸಭಾಂಗಣಕ್ಕೆ ಸಾಗಹಾಕಿದ್ದರು. ಸೇತುವೆ ಟೋಲು, ಟ್ರಾಫಿಕ್ಕು ದಾಟಿ ಹೋದರೆ ಒಳಗೆ ನಮ್ಮೂರ ಕಾಲೇಜು ಡೇ ಥರ. ಮುಂದಿನ ಸಾಲಿನ ಅಜ್ಜಿ ಸ್ವೆಟರ್ ಹೆಣೆಯುತ್ತಾ ರೆಫರಿಗೆ ಬೈಯುತ್ತಿದ್ದರು. ಆ ವರ್ಷದ ಲೆಕ್ಕ ನೋಡಿ 'ಹೆಂಗಸರ ಆಟಕ್ಕೆ ಜನ ಬರಲ್ಲ' ಅಂದಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. 2019ರಲ್ಲಿ ಉದ್ಯಮಿ ಜೋ ತ್ಸೈ ಕೊಂಡರು, ತಂಡವನ್ನು ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರಿಗೆ ತಂದರು. 2021ರಲ್ಲಿ ನಿಯಮ ಮೀರಿ ಆಟಗಾರ್ತಿಯರನ್ನು ಚಾರ್ಟರ್ ವಿಮಾನದಲ್ಲಿ ಕರೆದೊಯ್ದಿದ್ದಕ್ಕೆ ಲೀಗು ತಂಡಕ್ಕೆ 5 ಲಕ್ಷ ಡಾಲರ್ ದಂಡ ಹಾಕಿತು. ತನ್ನ ಕೆಲಸದವರನ್ನು ಚೆನ್ನಾಗಿ ನೋಡಿಕೊಂಡಿದ್ದಕ್ಕೆ ದಂಡ ಕಟ್ಟಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದೇ ತಂಡ 2024ರ ಅಕ್ಟೋಬರ್ 20ರ ರಾತ್ರಿ ಓವರ್‌ಟೈಮ್‌ನಲ್ಲಿ ಮಿನೆಸೋಟವನ್ನು 67-62ರಿಂದ ಸೋಲಿಸಿ ಮೊದಲ ಕಪ್ ಎತ್ತಿತು. ನಾವು ಮೇಲಿನ ಕೊನೆಯ ಸಾಲುಗಳಲ್ಲಿದ್ದೆವು. ಎಲ್ಲೂ ಒಂದು ಸೀಟು ಖಾಲಿ ಕಾಣಲಿಲ್ಲ, ನನ್ನ ಗಂಟಲು ಮೂರು ದಿನ ಬಿದ್ದುಹೋಗಿತ್ತು. 2025ರಲ್ಲಿ ಹೊಸ ಹೂಡಿಕೆದಾರರು ಆ ತಂಡಕ್ಕೆ 450 ಮಿಲಿಯನ್ ಬೆಲೆ ಕಟ್ಟಿ ಪಾಲು ಕೊಂಡರು.

2025ರ ಜೂನ್ ಕೊನೆಗೆ ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್, ಫಿಲಡೆಲ್ಫಿಯಾದ ಹೊಸ ತಂಡಗಳು ಲೀಗಿನೊಳಗೆ ಬರಲು ತಲಾ 250 ಮಿಲಿಯನ್ ಕೊಡಲು ಒಪ್ಪಿದವು. ಒಟ್ಟು 750. ಇದು ವ್ಯಾಪಾರದ ಆದಾಯವಲ್ಲ, ಸೀಟು ಮಾರಿದ ದುಡ್ಡು. ಎನ್‌ಬಿಎಯಲ್ಲೂ ಇಂಥ ಹಣ ಆಟಗಾರರ ಪಾಲಿನ ಲೆಕ್ಕಕ್ಕೆ ಸೇರುವುದಿಲ್ಲ. ಸೇರಬೇಕೋ ಬೇಡವೋ, ಅದು ಅವರವರ ಚೌಕಾಸಿ. ಆದರೆ ಕಾಯಂ ನಷ್ಟದ ಅಂಗಡಿಗೆ ಇಷ್ಟು ಪಗಡಿ ಕೊಡುವವರು ಲೆಕ್ಕ ಬರದವರಲ್ಲ.

ಇಷ್ಟು ಹೇಳಿ ಇನ್ನೊಂದು ಕಡೆಯನ್ನೂ ಹೇಳದಿದ್ದರೆ ನನ್ನ ಲೈಸೆನ್ಸಿಗೆ ಮರ್ಯಾದೆಯಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಲೀಗನ್ನು ಎನ್‌ಬಿಎ ಹೊತ್ತು ನಡೆಸಿದ್ದು ನಿಜ. ಸರಾಸರಿ ವರ್ಷಕ್ಕೆ 10 ಮಿಲಿಯನ್ ಹೋಗುತ್ತಿದೆ ಎಂದು ಎನ್‌ಬಿಎ ಕಮಿಷನರ್ ಆ್ಯಡಮ್ ಸಿಲ್ವರ್ 2018ರಲ್ಲಿ ಹೇಳಿದ್ದರು. ಹೊತ್ತವರು ತಮ್ಮ ಪಾಲು ಮೊದಲು ಎಣಿಸಿಕೊಳ್ಳುವುದು ಸಹಜ. ಎರಡನೆಯದು, ಈಗಿನ ಭರಾಟೆಯಲ್ಲಿ ಕೇಟ್ಲಿನ್ ಕ್ಲಾರ್ಕ್ ಎಂಬ ಒಬ್ಬ ಜನಪ್ರಿಯ ಆಟಗಾರ್ತಿಯ ತೂಕ ಬಹಳ. ಮೊದಲ ವರ್ಷ 76,535 ಡಾಲರ್ ಸಂಬಳ ಪಡೆದ ಅವಳು 2025ರಲ್ಲಿ ಗಾಯವಾಗಿ ಹೆಚ್ಚಿನ ಪಂದ್ಯಗಳಿಗೆ ಹೊರಗೇ ಕೂತಳು. ಒಬ್ಬರ ಮಂಡಿ, ತೊಡೆ ನಂಬಿಕೊಂಡು ಹತ್ತು ವರ್ಷದ ಲೆಕ್ಕ ಹಾಕಬೇಡಿ ಎಂದು ಯಾವ ಕ್ಲೈಂಟಿಗಾದರೂ ಹೇಳುತ್ತೇನೆ. ಮೂರನೆಯದು ಆಟಗಾರ್ತಿಯರಿಗೆ. ಪಾಲು ಅಂದಮೇಲೆ ಮಳೆ ಬಾರದ ವರ್ಷವೂ ಪಾಲೇ. 2020ರ ಒಪ್ಪಂದದಲ್ಲೂ ಪಾಲಿನ ಮಾತಿತ್ತು, ಆದರೆ ಆದಾಯ ಗುರಿ ದಾಟಿದರೆ ಮಾತ್ರ, ಅದೂ ಹಿಂದಿನ ವರ್ಷಗಳ ಕೊರತೆ ತುಂಬಿದ ಮೇಲೆ. ಕೊರೊನಾ ಬಂತು, ಗುರಿ ದೂರವೇ ಉಳಿಯಿತು. ಷರತ್ತಿನ ಸಣ್ಣ ಅಕ್ಷರ ಓದಿ ಎಂದು ನಾವು ಬಡಕೊಳ್ಳುವುದು ಇದಕ್ಕೇ. 2025ರ ಮಾತುಕತೆಯಲ್ಲಿ ಅವರ ಸಂಘಕ್ಕೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ಸಲಹೆಗಾರ್ತಿಯಾಗಿದ್ದರು. ಎದುರು ಕೂತ ಲೀಗಿನ ಕಮಿಷನರ್ ಕ್ಯಾಥಿ ಎಂಗಲ್‌ಬರ್ಟ್ ಡೆಲಾಯ್ಟ್ ಕಂಪನಿ ನಡೆಸಿ ಬಂದವರು, ನನ್ನ ಜಾತಿಯವರೇ, ಲೆಕ್ಕದವರು. ಆ ಕೋಣೆಯ ಗೋಡೆಯ ಹಲ್ಲಿಯಾಗುವ ಆಸೆ ನನಗಿತ್ತು.

ನಿನ್ನೆ ರಾತ್ರಿ ಹಬ್ಬದ ಕ್ಲೈಂಟಿನ ಫೋನು. ರೆಸ್ಟೊರೆಂಟ್ ಕೊಳ್ಳಲು ಯಾರೋ ಬಂದಿದ್ದಾರಂತೆ. ಎಷ್ಟಕ್ಕೆ ಹೇಳಿದಿರಿ ಎಂದೆ. "ಏಳು ಲಕ್ಷ ಡಾಲರಿಗೆ ಒಂದು ಪೈಸೆ ಕಡಿಮೆ ಇಲ್ಲ ಅಂದಿದೀನಕ್ಕಾ." ಆರು ವರ್ಷದಿಂದ ನಷ್ಟದಲ್ಲಿದೆಯಲ್ಲ ಅಂದೆ. "ಅಯ್ಯೋ, ಅದು ಪೇಪರ್ ಮೇಲಲ್ವಾ!" ಅಂದರು. ನಾನು ಸುಮ್ಮನಿದ್ದೆ, ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗಳು ಹೇಗಿದ್ದಾಳೆ ಎಂದು ವಿಚಾರಿಸಿ ಫೋನಿಟ್ಟರು. ಅವರ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಇನ್ನೂ ಬಂದಿಲ್ಲ. ರಿಟರ್ನ್ ತುಂಬಲು ವಾಯಿದೆ ಸೆಪ್ಟೆಂಬರ್ 15, ಸೋಮವಾರ.