ಬಾಟ್ಲಿ ಮೇಲೆ ಬರೀ ಊರಿನ ಹೆಸರಿದ್ರೆ, ಊಟಕ್ಕೆ ಯಾವ ವೈನ್ ಅಂತ ಹೆಂಗೆ ಗೊತ್ತಾಗತ್ತೆ?

ಪ್ರಶ್ನೆ: ಕೆಲ್ಸದ ಮೇಲೆ ತುಲೂಜ್‌ಗೆ ಬಂದಿದೀವಿ ಸಾರ್, ನಾನು ನನ್ನ ಹೆಂಡ್ತಿ. ಇಲ್ಲಿ ಸೂಪರ್ ಮಾರ್ಕೆಟಲ್ಲಿ ವೈನ್ ಸಾಲು ನೋಡಿದ್ರೇನೇ ತಲೆ ಕೆಡತ್ತೆ, ಯಾವ ದ್ರಾಕ್ಷಿ ಅಂತಾನೂ ಬರ್ದಿರಲ್ಲ, ಬರೀ ಊರಿನ ಹೆಸರು. ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ ಅನ್ನೋದು ಬಿಟ್ರೆ ನಮಗೆ ಇನ್ನೇನೂ ಗೊತ್ತಿಲ್ಲ. ಮನೇಲಿ ಊಟದ ಜೊತೆಗೆ, ರೆಸ್ಟೋರೆಂಟಲ್ಲಿ ಆರ್ಡರ್ ಮಾಡೋವಾಗ ಏನು ನೋಡಿ ತಗೊಬೇಕು?

ಉತ್ತರ: ನಿಮ್ಮನ್ನ ಗೊಂದಲ ಮಾಡ್ತಿರೋ ಆ ಊರಿನ ಹೆಸರಲ್ಲೇ ಅರ್ಧ ಉತ್ತರ ಇದೆ. ನಮ್ಮ ನಂದಿ ಬೆಟ್ಟದ ಕಡೆ ವೈನ್ ತಗೊಂಡ್ರೆ ಕ್ಯಾಬರ್ನೆ, ಶಿರಾಜ್ ಅಂತ ದ್ರಾಕ್ಷಿ ಹೆಸರೇ ದೊಡ್ಡದಾಗಿ ಹಾಕಿರ್ತಾರೆ, ಅದೇ ಅಭ್ಯಾಸ ನಮಗೆ. ಫ್ರಾನ್ಸಲ್ಲಿ ಹಂಗಲ್ಲ. 1935ರಿಂದ ಅಲ್ಲಿ ಒಂದು ಸರ್ಕಾರಿ ವ್ಯವಸ್ಥೆ ಇದೆ, ಲೇಬಲ್ ಮೇಲೆ ಆ ಊರಿನ ಹೆಸರು ಹಾಕ್ಬೇಕು ಅಂದ್ರೆ ಯಾವ ದ್ರಾಕ್ಷಿ ಬೆಳೀಬೇಕು, ಎಲ್ಲಿ ಬೆಳೀಬೇಕು, ಹೆಂಗೆ ಮಾಡ್ಬೇಕು ಅಂತ ಎಲ್ಲಾ ನಿಯಮದಲ್ಲೇ ಬರ್ದಿಟ್ಟಿದಾರೆ. ಶಾಬ್ಲಿ ಅಂತ ಇದ್ರೆ ಅದು ಶಾರ್ಡೊನೇನೇ, ಬೇರೆ ಆಗೋಕೆ ಸಾಧ್ಯ ಇಲ್ಲ. ಬಿಳಿ ಸಾನ್ಸೇರ್ ಅಂದ್ರೆ ಸೋವಿನ್ಯೋಂ ಬ್ಲಾಂಕ್, ಬೊಜೊಲೆ ಕೆಂಪು ಅಂದ್ರೆ ಗಮೇ, ಬರ್ಗಂಡಿ ಕೆಂಪು ಅಂದ್ರೆ ಬಹುಪಾಲು ಪಿನೋ ನುವಾರ್. ಅಲ್ಸಾಸ್ ಒಂದು ಮಾತ್ರ ಇದಕ್ಕೆ ದೊಡ್ಡ ಅಪವಾದ, ಜರ್ಮನಿ ಗಡಿ ಪಕ್ಕದ ಸೀಮೆ, ಅಲ್ಲಿ ರೀಸ್ಲಿಂಗ್, ಗೆವುರ್ಟ್ಸ್‌ಟ್ರಾಮಿನರ್ ಅಂತ ದ್ರಾಕ್ಷಿ ಹೆಸರೂ ಹಾಕ್ತಾರೆ, ಬಾಟ್ಲೀನೂ ಸಣ್ಣಗೆ ಉದ್ದಕ್ಕೆ ಇರತ್ತೆ, ದೂರದಿಂದಾನೇ ಗುರುತು ಸಿಗತ್ತೆ.

ಇನ್ನರ್ಧ ಉತ್ತರ ಏನಂದ್ರೆ, ಆ ಊರೋರು ಏನು ತಿಂತಾರೆ ಅಂತ ನೋಡಿ. ನೀವಿರೋ ತುಲೂಜನ್ನೇ ತಗೊಳ್ಳಿ. ಅಲ್ಲಿನ ಹೆಸರುವಾಸಿ ಅಡುಗೆ ಕಸ್ಸೂಲೆ, ಬಿಳಿ ಬೀನ್ಸು, ಬಾತುಕೋಳಿ ಕೊಬ್ಬಲ್ಲೇ ನಿಧಾನಕ್ಕೆ ಬೇಯಿಸಿದ ಬಾತುಕೋಳಿ, ತುಲೂಜ್ ಸಾಸೇಜು, ಎಲ್ಲಾ ಸೇರಿ ಮಡಕೇಲಿ ಗಂಟೆಗಟ್ಲೆ ಬೇಯೋದು, ತಿಂದ್ಮೇಲೆ ಎದ್ದೇಳೋದೇ ಕಷ್ಟ. ಅದರ ಅಕ್ಕಪಕ್ಕದ ವೈನ್ ಯಾವುದು ನೋಡಿ: ಉತ್ತರಕ್ಕೆ ಕಾಓರ್, ಅದು ಕನಿಷ್ಠ 70% ಮಾಲ್ಬೆಕ್ ಇರಲೇಬೇಕು, ಪಶ್ಚಿಮಕ್ಕೆ ಮದಿರಾನ್, ಅದು ತನಾ ಅನ್ನೋ ದ್ರಾಕ್ಷಿ, ಬಾಯೆಲ್ಲಾ ಹಿಡ್ಕೊಳ್ಳೋ ಅಷ್ಟು ಒಗರು. ಬರೀ ಕುಡಿದ್ರೆ ಮದಿರಾನ್ ಬೇಡಪ್ಪಾ ಅನ್ಸತ್ತೆ, ಕಸ್ಸೂಲೆ ಜೊತೆ ಕುಡಿದ್ರೆ ಅದೇ ವೈನು ಮೆತ್ತಗಾಗತ್ತೆ. ಕಡಕ್ ಟೀ ಡಿಕಾಕ್ಷನ್‌ಗೆ ಹಾಲು ಬಿದ್ದ ತಕ್ಷಣ ಒಗರು ಅಡಗತ್ತಲ್ಲ, ಇಲ್ಲಿ ನಡೆಯೋದೂ ಅದೇ ಕೆಲ್ಸ: ದ್ರಾಕ್ಷಿ ಸಿಪ್ಪೆ ಬೀಜದಿಂದ ಬಂದ ಟ್ಯಾನಿನ್ ಹೋಗಿ ಪ್ರೋಟೀನ್‌ಗೆ ಅಂಟ್ಕೊಳತ್ತೆ, ನಿಮ್ಮ ನಾಲಿಗೆ ಬಿಟ್ಬಿಡತ್ತೆ. ಅಷ್ಟು ಭಾರ ಬೇಡ ಅಂದ್ರೆ ತುಲೂಜ್ ಪಕ್ಕದಲ್ಲೇ ಫ್ರೊಂತೋನ್ ಅಂತ ಇದೆ, ನೆಗ್ರೆತ್ ಅನ್ನೋ ಲೋಕಲ್ ದ್ರಾಕ್ಷಿ, ಮಾಮೂಲಿ ಸಾಸೇಜಿಗೆ ಅದೇ ಸಾಕು.

ಸಮುದ್ರದ ಕಡೆ ಹೋದ್ರೆ ಲೆಕ್ಕ ಉಲ್ಟಾ. ನಾಂತ್ ಹತ್ರ ಅಟ್ಲಾಂಟಿಕ್ ತೀರದಲ್ಲಿ ಸಿಂಪಿ, ಮಸ್ಸೆಲ್ಸ್ ತಿಂತಾರೆ, ಅಲ್ಲಿನ ವೈನು ಮುಸ್ಕಾದೆ, ತೆಳ್ಳಗೆ, ಹುಳಿಯಾಗಿ, ಹೆಚ್ಚು ಪರಿಮಳ ಇಲ್ದೆ. ಕೆಳಗೆ ಮೆಡಿಟರೇನಿಯನ್ ಕಡೆ ತೊ ಅನ್ನೋ ಹಿನ್ನೀರಲ್ಲಿ ಸಿಂಪಿ ಸಾಕ್ತಾರೆ, ಅದರ ದಡದಲ್ಲೇ ಪಿಕ್‌ಪೂಲ್ ದ ಪಿನೆ ಬೆಳೆಯೋದು, ಅದೂ ಹುಳಿ ಬಿಳಿ ವೈನೇ. ಎರಡೂ ದುಬಾರಿ ಅಲ್ಲ, ಹತ್ತು ಯೂರೋ ಒಳಗೇ ಒಳ್ಳೇದು ಸಿಗತ್ತೆ. ಮೀನಿಗೆ ಬಿಳಿ ಅನ್ನೋ ನಿಮ್ಮ ಸೂತ್ರ ಇಲ್ಲಿ ಸರೀನೇ, ಆದ್ರೆ ಕಾರಣ ಬಣ್ಣ ಅಲ್ಲ: ಕೆಲವು ಕೆಂಪು ವೈನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇರತ್ತೆ, ಅದು ಮೀನಿನ ಎಣ್ಣೆ ಜೊತೆ ಸೇರಿದ್ರೆ ಬಾಯಲ್ಲಿ ಹಸಿ ಮೀನಿನ ವಾಸನೆ, ಲೋಹದ ರುಚಿ ಉಳಿಯತ್ತೆ. ಬಂಗುಡೆ ಥರ ಎಣ್ಣೆ ಇರೋ ಮೀನಿಗೆ ಇದು ಜಾಸ್ತಿ.

ಹಂಗಂತ ಊರು ನೋಡಿ ಕಣ್ಮುಚ್ಚಿ ತಗೊಳ್ಳಿ ಅಂತ ಹೇಳ್ತಿಲ್ಲ, ಈ ಮಾತನ್ನ ಒಂದು ಮಂತ್ರದ ಥರ ಹೇಳೋರು ಬಹಳ ಜನ ಇದಾರೆ, ನನಗೆ ಅದು ಅರ್ಧಂಬರ್ಧ ಅನ್ಸತ್ತೆ. ನಾರ್ಮಂಡಿ, ಬ್ರಿಟನಿ ಕಡೆ ಹೆಸರಿಗೆ ಹೇಳೋಂಥ ವೈನೇ ಇಲ್ಲ, ಅವ್ರು ಸೇಬಿನ ಸೈಡರ್ ಕುಡೀತಾರೆ, ಕಮಂಬೇರ್ ಚೀಸಿಗೆ ಅದಕ್ಕಿಂತ ಚೆನ್ನಾಗಿ ಹೊಂದೋದು ಇನ್ನೊಂದಿಲ್ಲ. ಬೋರ್ಡೋ ಅಂತ ಒಂದೇ ಹೆಸರಿನ ಕೆಳಗೆ ಪೊಯಾಕ್‌ನ ಒಗರು ಕೆಂಪು, ಆಂತ್ರ್ ದ ಮೇರ್‌ನ ಹುಳಿ ಬಿಳಿ, ಸೋತೆರ್ನ್‌ನ ಜೇನಿನಂಥ ಸಿಹಿ ವೈನು ಮೂರೂ ಇವೆ, ಬೋರ್ಡೋ ಊಟಕ್ಕೆ ಬೋರ್ಡೋ ವೈನ್ ಅಂದ್ರೆ ಯಾವುದು ತಗೊಳ್ತೀರ?

ಅದಕ್ಕೇ ಊರಿನ ಜೊತೆ ಸಾಸ್ ನೋಡಿ ಅನ್ನೋದು. ತಟ್ಟೇಲಿ ಯಾವ ಪ್ರಾಣಿ ಇದೆ ಅನ್ನೋದಕ್ಕಿಂತ ಅದನ್ನ ಏನಲ್ಲಿ ಬೇಯಿಸಿದಾರೆ ಅನ್ನೋದು ಮುಖ್ಯ. ಕೋಳಿ ಒಂದೇ ತಗೊಳ್ಳಿ, ಬರ್ಗಂಡಿ ಮತ್ತೆ ಜುರಾ ಮಧ್ಯದಲ್ಲಿ ಬ್ರೆಸ್ ಅಂತ ಸೀಮೆ ಇದೆ, ಅಲ್ಲಿನ ಕೋಳಿಗೂ ವೈನಿನ ಥರಾನೇ ಊರಿನ ಹೆಸರಿನ ರಕ್ಷಣೆ ಇದೆ, 1957ರಿಂದ. ಆ ಕೋಳಿನ ಸುಮ್ನೆ ಬೆಣ್ಣೆ ಹಚ್ಚಿ ರೋಸ್ಟ್ ಮಾಡಿದ್ರೆ ಬರ್ಗಂಡಿಯ ದಕ್ಷಿಣಕ್ಕಿರೋ ಮಾಕೋನ್ ಕಡೆಯ ಬಿಳಿ ವೈನು ಸೊಗಸು, ಇಲ್ಲಾ ತಣ್ಣಗಿರೋ ಬೊಜೊಲೆ. ಅದನ್ನೇ ಕೆಂಪು ವೈನಲ್ಲಿ ಅಣಬೆ, ಸಣ್ಣ ಈರುಳ್ಳಿ ಹಾಕಿ ಬೇಯಿಸಿದ್ರೆ ಅದು ಕೋಕೋ ವ್ಯಾಂ, ಆಗ ಬಿಳಿ ನಿಲ್ಲಲ್ಲ, ಬರ್ಗಂಡಿ ಕೆಂಪೇ ಬೇಕು. ಕ್ರೀಮು, ಮೊರೆಲ್ ಅಣಬೆ ಹಾಕಿದ್ರೆ ಜುರಾಕ್ಕೆ ಹೋಗ್ಬೇಕು, ಅಲ್ಲಿ ವ್ಯಾಂ ಜೋನ್ ಅಂತ ಹಳದಿ ವೈನ್ ಮಾಡ್ತಾರೆ, ಸವಾನ್ಯಾಂ ದ್ರಾಕ್ಷಿದು, ಪೀಪಾಯಿಲಿ ಇಳಿದು ಹೋದಷ್ಟೂ ಮೇಲೆ ತುಂಬಿಸ್ದೇ ವರ್ಷಗಟ್ಲೆ ಬಿಡ್ತಾರೆ, ಮೇಲೆ ಯೀಸ್ಟ್ ಪದರ ಕಟ್ಟತ್ತೆ, ಆರು ವರ್ಷ ಮೂರು ತಿಂಗಳು ಆದ್ಮೇಲೇ ಬಾಟ್ಲಿಗೆ ಹಾಕೋದು, ಆ ಬಾಟ್ಲೀನೂ 75 ಅಲ್ಲ, 62 ಸೆಂಟಿಲೀಟರ್. ಅಕ್ರೋಟು, ಮೆಂತ್ಯ ಎಲ್ಲಾ ನೆನಪಾಗೋ ಥರ ವಾಸನೆ, ಮೊದಲ ಗುಟುಕಿಗೆ ಕೆಟ್ಟೋಗಿದೆ ಅಂದ್ಕೊಳ್ಳೋರೂ ಇದಾರೆ. ಅಗ್ಗ ಅಂತೂ ಅಲ್ಲ. ಆದ್ರೆ ಆ ಕ್ರೀಮ್ ಸಾಸಿಗೇ ಒಂದು ಲೋಟ ಸುರಿದು, ಮಿಕ್ಕಿದ್ದನ್ನ ಊಟದ ಜೊತೆ ಕುಡಿದ್ರೆ ಫ್ರೆಂಚರು ಈ ವಿಷ್ಯಕ್ಕೆ ಇಷ್ಟು ತಲೆ ಯಾಕೆ ಕೆಡಿಸ್ಕೊಳ್ತಾರೆ ಅಂತ ಅರ್ಥ ಆಗತ್ತೆ. ಒಂದೇ ಕೋಳಿ, ಮೂರು ಸಾಸು, ಮೂರು ಬೇರೆ ಬೇರೆ ವೈನು.

ಗಮೇ ಬಗ್ಗೆ ಹೇಳಿದ್ನಲ್ಲ, 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಅನ್ನೋನು ಆ ದ್ರಾಕ್ಷಿ ಗಿಡ ಕಿತ್ತಾಕಿ ಅಂತ ಆಜ್ಞೇನೇ ಹೊರಡಿಸಿದ್ದ. ಅವನಿಗೆ ಇಷ್ಟ ಆಗ್ದೇ ಇದ್ದಿದ್ದು ನಮ್ಮ ಪುಣ್ಯ ಅನ್ಸತ್ತೆ, ಅದು ದಕ್ಷಿಣಕ್ಕೆ ಬೊಜೊಲೆಲಿ ನೆಲೆ ಕಂಡ್ಕೊಂಡು ಇವತ್ತು ಊಟದ ಟೇಬಲ್ಲಿಗೆ ಅಷ್ಟು ಸಲೀಸಾದ ಕೆಂಪು ಇನ್ನೊಂದಿಲ್ಲ.

ಚೀಸ್ ವಿಷ್ಯದಲ್ಲಿ ಮಾತ್ರ ಎಲ್ಲರೂ ಕೆಂಪು ವೈನೇ ತಗೊಳ್ತಾರೆ, ನನ್ನ ಪ್ರಕಾರ ಹೆಚ್ಚಿನ ಚೀಸಿಗೆ ಬಿಳೀನೇ ವಾಸಿ. ಸಾನ್ಸೇರ್ ದ್ರಾಕ್ಷಿ ತೋಟಗಳ ಮಧ್ಯೆ ಶಾವಿನ್ಯೋಲ್ ಅಂತ ಹಳ್ಳಿ, ಅಲ್ಲಿನ ಮೇಕೆ ಹಾಲಿನ ಪುಟ್ಟ ಚೀಸಿಗೆ ಅಲ್ಲಿನ ಬಿಳೀನೇ ಜೋಡಿ. ಕೋಂತೆಗೆ ಜುರಾ ಬಿಳಿ, ನಾತ ಹೊಡೆಯೋ ಮುನ್‌ಸ್ಟರ್‌ಗೆ ಗೆವುರ್ಟ್ಸ್‌ಟ್ರಾಮಿನರ್, ಉಪ್ಪುಪ್ಪಾದ ರೋಕ್‌ಫೋರಿಗೆ ಸಿಹಿ ಸೋತೆರ್ನ್. ಆಲ್ಪ್ಸ್ ಬೆಟ್ಟಗಳ ಸವ್ವಾ ಕಡೆ ಚಳಿಗಾಲದಲ್ಲಿ ಕರಗಿಸಿದ ಚೀಸ್ ತಿಂತಾರಲ್ಲ, ರಾಕ್ಲೆತ್, ಫೊಂಡ್ಯೂ, ಅದಕ್ಕೆ ಅಲ್ಲಿನ ಬಿಳಿ ವೈನು ಆಪ್ರೆಮೋಂ.

ಸಸ್ಯಾಹಾರಿಗಳಾದ್ರೆ ಇನ್ನೊಂದೆರಡು ಮಾತು. ಆಸ್ಪಾರಗಸ್, ಆರ್ಟಿಚೋಕ್ ಇವೆರಡು ವೈನಿಗೆ ಬದ್ಧ ವೈರಿ, ವೈನಿನ ರುಚೀನೇ ತಿರುಗಿಸ್ಬಿಡತ್ತೆ, ಆದ್ರೆ ಅಲ್ಸಾಸಲ್ಲಿ ಆಸ್ಪಾರಗಸ್ ಸೀಸನ್ ಬಂದ್ರೆ ಸಿಹಿ ಇಲ್ಲದ ಮುಸ್ಕಾ (ಆಗ ಹೇಳಿದ ಮುಸ್ಕಾದೆ ಅಲ್ಲ, ಇದು ಬೇರೆ ದ್ರಾಕ್ಷಿ) ತೆಗೀತಾರೆ, ಅದು ತಡ್ಕೊಳತ್ತೆ. ರಾಟಟೂಯಿ, ಅಂದ್ರೆ ಬದನೆ, ಟೊಮೇಟೊ ಎಲ್ಲಾ ಹಾಕಿ ಬೇಯಿಸೋ ಪಲ್ಯ, ಅದಕ್ಕೆ ಪ್ರೊವಾನ್ಸ್ ಕಡೆಯ ರೋಸೆ, ಗುಲಾಬಿ ಬಣ್ಣದ ವೈನು. ಅಲ್ಸಾಸಿನ ಈರುಳ್ಳಿ ತಾರ್ತ್‌ಗೆ ಪಿನೋ ಬ್ಲಾಂಕ್ ಚೆನ್ನಾಗಿರತ್ತೆ, ಆದ್ರೆ ಅದರಲ್ಲಿ ಬೇಕನ್ ತುಂಡು ಹಾಕಿರ್ತಾರೆ ಎಷ್ಟೋ ಕಡೆ, ಕೇಳಿ ತಗೊಳ್ಳಿ. ವೈನನ್ನ ತಿಳಿ ಮಾಡೋಕೆ ಮೊಟ್ಟೆ ಬಿಳಿ, ಹಾಲಿನ ಪ್ರೋಟೀನ್, ಮೀನಿನ ಅಂಗದಿಂದ ತೆಗೆದ ಅಂಟು ಬಳಸೋದೂ ಉಂಟು, ಅದು ಬೇಡ ಅನ್ನೋರು ವೇಗನ್ ಅಂತ ಬರ್ದಿರೋ ಬಾಟ್ಲಿ ಹುಡುಕ್ಬೇಕು.

ಮನೇಲಿ ನೀವು ಮಾಡೋದು ನಮ್ಮ ಅಡುಗೇನೇ ಅಲ್ವಾ, ಅದಕ್ಕೇನು ಅಂತ ಕೇಳೇ ಕೇಳ್ತೀರ. ಖಾರದ ಜೊತೆ ಆಲ್ಕೋಹಾಲ್ ಜಾಸ್ತಿ ಇರೋ ವೈನ್ ಕುಡಿದ್ರೆ ಉರಿ ಹೆಚ್ಚಾಗತ್ತೆ, ಹಂಗಾಗಿ 14.5% ಇರೋ ಶಾತೋನಫ್ ದ್ಯು ಪಾಪ್ ತಗೊಂಡು ಕೋಳಿ ಸಾರಿನ ಜೊತೆ ಕುಡಿಯೋದು ದುಡ್ಡು ದಂಡ. ಸ್ವಲ್ಪ ಸಿಹಿ ಉಳಿಸಿರೋ ಅಲ್ಸಾಸ್ ವೈನ್ ಖಾರ ತಡೆಯತ್ತೆ. ಲೇಬಲ್ ಮೇಲೆ ಸೆಕ್ ಅಂದ್ರೆ ಸಿಹಿ ಇಲ್ಲ, ದೆಮಿ ಸೆಕ್ ಅಂದ್ರೆ ತುಸು ಸಿಹಿ, ಮ್ವಾಲ್ಯೂ ಅಂದ್ರೆ ಸಿಹೀನೇ. ಪಲ್ಯ, ಪಕೋಡ, ಕಬಾಬ್ ಇಂಥದಕ್ಕೆ ರೋಸೆನೂ ಆಗತ್ತೆ. ಹುಣಸೆಹುಳಿ ಜಾಸ್ತಿ ಇರೋ ಸಾರು, ಗೊಜ್ಜಿಗೆ ಮಾತ್ರ ಯಾವ ವೈನೂ ಸರಿಹೋಗಲ್ಲ, ನಾನಂತೂ ಅದಕ್ಕೆ ಮಜ್ಜಿಗೇನೇ ಅಂತೀನಿ.

ರೆಸ್ಟೋರೆಂಟಲ್ಲಿ ಏನ್ಮಾಡೋದು? ಬಾಟ್ಲಿಗೆ ಅಂಗಡಿ ಬೆಲೆಯ ಮೂರು ಪಟ್ಟು ಹಾಕೋದು ಮಾಮೂಲು, ಅದಕ್ಕೆ ಸಣ್ಣ ಊರಿನ ಸಣ್ಣ ರೆಸ್ಟೋರೆಂಟಾದ್ರೆ ಪಿಶೆ ಕೇಳಿ, ಜಗ್ಗಲ್ಲಿ 25 ಅಥವಾ 50 ಸೆಂಟಿಲೀಟರ್ ತಂದ್ಕೊಡ್ತಾರೆ, ಹೆಚ್ಚಾಗಿ ಅಲ್ಲೇ ಸುತ್ತಮುತ್ತಲಿನ ವೈನೇ ಇರತ್ತೆ. ಇಬ್ರೂ ಬೇರೆ ಬೇರೆ ಊಟ ಹೇಳಿದ್ರೆ, ಒಬ್ರು ಮೀನು ಒಬ್ರು ಮಾಂಸ, ಆಗ ಗ್ಲಾಸ್ ಲೆಕ್ಕದಲ್ಲಿ ತಗೊಳ್ಳಿ, ಇಲ್ಲಾಂದ್ರೆ ಒಂದೇ ಬಾಟ್ಲಿಗೆ ಬೊಜೊಲೆ ಊರುಗಳಾದ ಫ್ಲೋರಿ, ಮೊರ್ಗೋನ್, ಅಥವಾ ಲ್ವಾರ್ ಕಡೆಯ ಶಿನೋನ್, ಇವು ಇಬ್ಬರಿಗೂ ಜಗಳ ಬರ್ದಂಗೆ ನಡ್ಕೊಳ್ತವೆ. ವೈನ್ ತೋರ್ಸೋನು ಬಂದಾಗ ಹೆಸರು ಉಚ್ಚಾರಣೆ ಬರಲ್ಲ ಅಂತ ಮುಜುಗರ ಪಡ್ಬೇಡಿ, ಲಿಸ್ಟಲ್ಲಿ ನಿಮ್ಮ ಬಜೆಟ್ಟಿನ ಬೆಲೆ ಮೇಲೆ ಬೆರಳಿಟ್ಟು ಈ ಥರದ್ದು ಒಂದು ಹೇಳಿ ಅಂದ್ರೆ ಅರ್ಥ ಮಾಡ್ಕೊಳ್ತಾರೆ, ಎದುರಿಗಿರೋರಿಗೆ ದುಡ್ಡಿನ ಮಾತು ಗೊತ್ತೂ ಆಗಲ್ಲ. ಬಾಟ್ಲಿ ತೆಗೆದು ಒಂದು ಚೂರು ಸುರಿದು ನಿಂತ್ಕೊಳ್ತಾರಲ್ಲ, ಅದು ನಿಮಗೆ ಇಷ್ಟ ಆಯ್ತಾ ಅಂತ ಕೇಳೋಕಲ್ಲ, ಕಾರ್ಕಿಂದ ಕೆಟ್ಟಿದ್ಯಾ ಅಂತ ನೋಡೋಕೆ. ಒದ್ದೆ ರಟ್ಟಿನ ವಾಸನೆ ಬಂದ್ರೆ ವಾಪಸ್ ಕಳ್ಸಬಹುದು, ರುಚಿ ಹಿಡಿಸ್ಲಿಲ್ಲ ಅಂತ ಕಳ್ಸೋ ಹಂಗಿಲ್ಲ. ಇನ್ನು ಊಟದ ಜೊತೆ ನಲ್ಲಿ ನೀರು ಕಾನೂನು ಪ್ರಕಾರಾನೇ ಫ್ರೀ, ಕರಾಫ್ ದೋ ಅಂತ ಕೇಳಿ, ಇಲ್ದಿದ್ರೆ ದುಡ್ಡಿನ ಬಾಟ್ಲಿ ನೀರು ಬಂದು ಕೂತಿರತ್ತೆ.

ಕೊನೇದಾಗಿ ಟೆಂಪರೇಚರ್. ಕೆಂಪನ್ನ ರೂಮ್ ಟೆಂಪರೇಚರಲ್ಲಿ ಕುಡೀಬೇಕು ಅನ್ನೋ ಮಾತು ಹೀಟರ್ ಇಲ್ಲದ ಹಳೇ ಮನೆಗಳ ಕಾಲದ್ದು, ತುಲೂಜಿನ ಬೇಸಿಗೇಲಿ ಕಾಓರನ್ನ ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ತೆಗೀರಿ, ಬೊಜೊಲೆನ ಇನ್ನೂ ತಣ್ಣಗೆ, 12ರಿಂದ 14 ಡಿಗ್ರಿ. ಬಿಳಿ ವೈನನ್ನ ಐಸ್ ಥರ ಕೊರೆಯೋ ಅಷ್ಟು ಮಾಡಿದ್ರೆ ರುಚಿ ಸತ್ತೋಗತ್ತೆ. ಉಳಿದಿದ್ದನ್ನ ಕಾರ್ಕ್ ಹಾಕಿ ಫ್ರಿಜ್ಜಲ್ಲಿಡಿ, ಕೆಂಪೂ ಅಷ್ಟೇ, ಎರಡು ಮೂರು ದಿನ ತಡೆಯತ್ತೆ.