ಒಂದೇ ಗೋಲಿನ ಸೋಲು

"ಮೂರು ಪಂದ್ಯವೂ ಒಂದೊಂದೇ ಗೋಲಿನಿಂದ ಹೋಯ್ತು ಸರ್, ಟೀಮ್ ಸೆಟ್ ಆಗ್ತಾ ಇದೆ." ಕಾರವಾರದಿಂದ ಭಟ್ಕಳದವರೆಗೆ ಯಾವ ಫುಟ್‌ಬಾಲ್ ಮೈದಾನದ ಅಂಚಿಗೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವವರು ಸ್ವಂತ ದುಡ್ಡಲ್ಲಿ ಹುಡುಗರಿಗೆ ಬೂಟು ಕೊಡಿಸುವವರು, ಗದರಿಸಲು ಮನಸ್ಸಾಗುವುದಿಲ್ಲ. ಆದರೆ ತಂಡ ಸುಧಾರಿಸುತ್ತಿದೆ ಎನ್ನಲು ಅವರ ಬಳಿ ಇರುವುದು ಸ್ಕೋರ್ ಒಂದೇ, ಅದು ಸಾಲದು.

ಫುಟ್‌ಬಾಲಿನಲ್ಲಿ ಗೋಲು ಬೀಳುವುದೇ ಕಡಿಮೆ. ಪಂದ್ಯಕ್ಕೆ ಸರಾಸರಿ 0.8 ಗೋಲು ಹೊಡೆದು 1.8 ಬಿಟ್ಟುಕೊಡುವ ತಂಡವೊಂದಿದೆ ಅಂದುಕೊಳ್ಳಿ. ದುರ್ಬಲ ತಂಡವೇ. ಸಂಭವನೀಯತೆಯ ಲೆಕ್ಕ ಹಾಕಿದರೆ ಅದರ ಹತ್ತು ಸೋಲಿನಲ್ಲಿ ಸುಮಾರು ನಾಲ್ಕು ಒಂದೇ ಗೋಲಿನವು. ಏನೂ ಸುಧಾರಿಸದೆಯೇ! ಒಂದೇ ದಿನದಲ್ಲಿ ಮುಗಿಸಲು ಅರ್ಧಕ್ಕೆ 20 ನಿಮಿಷ ಇಡುವ ಟೂರ್ನಿಗಳಲ್ಲಂತೂ ಮೂರು ಗೋಲು ಬಿಟ್ಟುಕೊಡಲು ಸಮಯವೇ ಸಾಲುವುದಿಲ್ಲ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಸಂಗತಿ ಇನ್ನೊಂದಿದೆ. "ಸೆಕೆಂಡ್ ಹಾಫ್ ಪೂರ್ತಿ ನಮ್ಮದೇ ಆಟ." ಹೌದು, ನಿಮ್ಮದೇ, ಎದುರಾಳಿ ಬಿಟ್ಟುಕೊಟ್ಟಿದ್ದರಿಂದ. 1–0 ಮುಂದಿರುವ ತಂಡ ಅಂಚಿನಲ್ಲಿ ಆಡುವ ವಿಂಗರ್‌ಗಳಿಬ್ಬರನ್ನೂ ಹಿಂದಕ್ಕೆ ಕರೆಸಿಕೊಂಡು, ಒಬ್ಬನನ್ನಷ್ಟೇ ಮುಂದೆ ಬಿಟ್ಟು, ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್ ಎದುರು ಗೋಡೆ ಕಟ್ಟುತ್ತದೆ. ಚೆಂಡು ನಿಮ್ಮ ಸ್ಟಾಪರ್‌ಗಳ, ಅಂದರೆ ನಡುವಿನ ಡಿಫೆಂಡರ್‌ಗಳ ಕಾಲಲ್ಲಿ ನಡುಗೆರೆಯ ಆಚೀಚೆ ಓಡಾಡುತ್ತದೆ. ಬೇಸರ ಬಂದ ಮೇಲೆ 25 ಮೀಟರ್‌ನಿಂದ ಒಂದು ಹೊಡೆತ, ಇಲ್ಲವೇ ಕೀಪರ್ ಕೈಗೇ ಹೋಗುವ ಒಂದು ಲಾಂಗ್ ಬಾಲ್. ಹೊಡೆತದ ಎಣಿಕೆ ಹತ್ತಾದರೂ ಕೀಪರ್ ಬೆವರುವುದಿಲ್ಲ. ಎದುರಾಳಿಗೆ ಬೇಕಾದದ್ದೂ ಇದೇ. ಹಾಗಾಗಿ ಸ್ಕೋರ್ ಸಮ ಇದ್ದ ನಿಮಿಷಗಳನ್ನು ಬೇರೆ ತೆಗೆದು ನೋಡಬೇಕು. 0–0 ಇದ್ದಾಗ ಯಾರ ಬಾಕ್ಸ್‌ನಲ್ಲಿ ಆಟ ನಡೆಯಿತು? ಅವರು ಒತ್ತಡ ಹಾಕುತ್ತಿದ್ದಾಗ ನಿಮ್ಮವರು ಚೆಂಡು ಹೊರತಂದರೇ? ಹಿಂದೆ ಬಿದ್ದ ಮೇಲಿನ ಅರ್ಧ ಗಂಟೆಯ ಆರ್ಭಟ ಇದಕ್ಕೆ ಉತ್ತರವಲ್ಲ.

2022ರ ವಿಶ್ವಕಪ್ ಅರ್ಹತಾ ಸುತ್ತಿನ ಭಾರತದ ಎರಡು ಸೋಲನ್ನು ಪಕ್ಕಪಕ್ಕ ಇಡಿ. 2019ರ ಸೆಪ್ಟೆಂಬರ್ 5ರಂದು ಗುವಾಹಟಿಯಲ್ಲಿ ಸುನಿಲ್ ಛೇತ್ರಿ ಗೋಲಿನಿಂದ ಸಿಕ್ಕ ಮುನ್ನಡೆ 82ನೇ ನಿಮಿಷದವರೆಗೂ ಉಳಿದಿತ್ತು. ಕೊನೆಗೆ ಒಮಾನ್ 2–1ರಿಂದ ಗೆದ್ದಿತು. 2021ರ ಜೂನ್ 3ರಂದು ದೋಹಾದಲ್ಲಿ ಕತಾರ್ ಎದುರು 0–1. ಅಲ್ಲಿ ರಾಹುಲ್ ಭೇಕೆ 17ನೇ ನಿಮಿಷಕ್ಕೇ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದಿದ್ದರು. ಹತ್ತೇ ಜನ ಉಳಿದ ತಂಡದ ಹಿಂದೆ ನಿಂತು ಸ್ಕೋರ್ ಏರದಂತೆ ತಡೆದವರು ಕೀಪರ್ ಗುರುಪ್ರೀತ್ ಸಿಂಗ್ ಸಂಧು. ಅಂತರ ಎರಡರಲ್ಲೂ ಒಂದೇ ಗೋಲು. ಮೊದಲನೆಯದು ಕೈಗೆ ಬಂದು ಜಾರಿದ ಪಂದ್ಯ, ಎರಡನೆಯದನ್ನು ಮಾನ ಉಳಿಸಿಕೊಂಡ ಪಂದ್ಯ ಎನ್ನಬೇಕು.

ನಿಮ್ಮದು ಯಾವ ಬಗೆಯದು ಎಂದು ತಿಳಿಯಲು ಒಂದು ನೋಟ್‌ಬುಕ್, ಬೆಂಚಿನಲ್ಲಿ ಕೂತ ಒಬ್ಬ ಹುಡುಗ ಸಾಕು. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ನಮ್ಮದು, ಬಲಕ್ಕೆ ಅವರದು. ಪ್ರತಿ ಹೊಡೆತಕ್ಕೂ ನಿಮಿಷ, ಆಗಿನ ಸ್ಕೋರ್, ಹೊಡೆದ ಜಾಗ. ಪೆನಾಲ್ಟಿ ಸ್ಪಾಟ್‌ನಿಂದ ಒಳಗೆ, ಎರಡು ಕಂಬಗಳ ನೇರಕ್ಕೆ ಇದ್ದರೆ 'ಅ'. ಬಾಕ್ಸ್‌ನ ಉಳಿದ ಭಾಗ 'ಆ', ಹೊರಗಿನದು 'ಇ'. ತಲೆಯಿಂದ ಹೊಡೆದದ್ದಕ್ಕೆ ಸುತ್ತು ಹಾಕಲಿ, ಅದೇ ಜಾಗದಿಂದ ಕಾಲಿನಲ್ಲಿ ಹೊಡೆದಷ್ಟು ಅದು ಗೋಲಾಗುವುದಿಲ್ಲ. ಪೆನಾಲ್ಟಿಗೆ ಬೇರೆ ಸಾಲು. ನಾಲ್ಕಕ್ಕೆ ಮೂರು ಒಳಗೇ ಹೋಗುವುದನ್ನು ಉಳಿದವುಗಳೊಂದಿಗೆ ಬೆರೆಸಿದರೆ ಲೆಕ್ಕ ಕೆಡುತ್ತದೆ. ಒಂದು ಎಚ್ಚರಿಕೆ: ನಮ್ಮವರ ಹೊಡೆತವನ್ನು ಹುಡುಗ ಉತ್ಸಾಹದಿಂದ ಬರೆಯುತ್ತಾನೆ, ಅವರದು ಬಂದಾಗ ಎದ್ದು ನಿಂತು ಕೂಗುತ್ತಾನೆ, ಪೆನ್ನು ನೆಲದಲ್ಲಿರುತ್ತದೆ. ಬಲಭಾಗ ಖಾಲಿ ಕಂಡರೆ ಡಿಫೆನ್ಸ್ ಗಟ್ಟಿಯಾಯಿತೆಂದು ಹಿಗ್ಗಬೇಡಿ.

ಆರೆಂಟು ಪಂದ್ಯವಾದರೂ ಆಗಲಿ. ಸ್ಕೋರ್ ಸಮ ಇದ್ದಾಗ ಅವರ 'ಅ' ಕಡಿಮೆಯಾಗುತ್ತ, ನಿಮ್ಮದು ಹೆಚ್ಚುತ್ತ ಬಂದರೆ ಸೋಲುತ್ತಿದ್ದರೂ ಸುಧಾರಣೆ ಇದೆ ಎನ್ನಬಹುದು, ಎದುರಾಳಿಗಳು ಹೆಚ್ಚುಕಡಿಮೆ ಒಂದೇ ಮಟ್ಟದವರಾಗಿದ್ದರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಬ್ರೈಟನ್ 2020–21ರಲ್ಲಿ 41 ಅಂಕ ಪಡೆದು 16ನೇ ಸ್ಥಾನದಲ್ಲಿತ್ತು. ಸೃಷ್ಟಿಸಿದ ಅವಕಾಶಗಳಿಗೆ ಹೋಲಿಸಿದರೆ ಹೊಡೆದ ಗೋಲು ಕಡಿಮೆ. ಕೋಚ್ ಗ್ರಹಾಂ ಪಾಟರ್ ಅವರನ್ನೇ ಉಳಿಸಿಕೊಂಡ ತಂಡ ಮರುವರ್ಷ 51 ಅಂಕದೊಂದಿಗೆ 9ನೇ ಸ್ಥಾನಕ್ಕೆ ಬಂತು. ಎಲ್ಲರಿಗೂ ಹೀಗೇ ಆಗುತ್ತದೆಂದಲ್ಲ.

ಜುಲೈನ ಪಂದ್ಯಗಳನ್ನು ಮಾತ್ರ ಬೇರೆ ಪುಟದಲ್ಲಿ ಬರೆಸಿ. ನೀರು ನಿಂತ ಬಾಕ್ಸ್‌ನಲ್ಲಿ ಚೆಂಡು ಉರುಳದೆ ನಿಂತುಬಿಡುತ್ತದೆ, ಡಿಫೆಂಡರ್ ಜಾರುತ್ತಾನೆ, ಯಾರದ್ದೋ ಮೊಣಕಾಲಿಗೆ ತಾಗಿ ಗೋಲು. ನೋಟ್‌ಬುಕ್‌ನಲ್ಲಿ ಅದೂ ಒಂದು 'ಅ'.